ಮೂರು ಟನ್ ಕಬ್ಬು, ಒಂದು ತಿರುವು

ಗಾಡಿಯ ತೂಕ ಹಿಂದೆ ಮುಂದೆ ಸರಿಯುವುದನ್ನು ಮೈಯಿಂದ ತಿಳಿಯುವುದು ನನಗೆ ಬಹಳ ಪ್ರೀತಿಯ ಕೆಲಸ. ಬ್ರೇಕಿನ ಮೇಲೆ ಪಾದವನ್ನು ಮೆಲ್ಲಗೆ ಒತ್ತಿದರೆ ಕಾರಿನ ಮೂತಿ ತುಸು ಬಾಗುತ್ತದೆ, ಮುಂದಿನ ಟೈರುಗಳು ನೆಲವನ್ನು ಗಟ್ಟಿ ಹಿಡಿಯುತ್ತವೆ, ಸ್ಟಿಯರಿಂಗಿಗೆ ಜೀವ ಬರುತ್ತದೆ. ಆ ಗಳಿಗೆಯಲ್ಲಿ ತಿರುಗಿಸಿದರೆ ಗಾಡಿ ಹೇಳಿದ ಮಾತು ಕೇಳುತ್ತದೆ. ಅದೇ ತಿರುವಿನ ನಡುವೆ ಎಕ್ಸಿಲರೇಟರಿನಿಂದ ತಟ್ಟನೆ ಕಾಲು ಎತ್ತಿದರೆ ಹಿಂಬದಿ ಹಗುರಾಗಿ ಹೊರಕ್ಕೆ ಜಾರಲು ನೋಡುತ್ತದೆ. ಇದನ್ನು ತಿಳಿಯಲು ಭಾರಿ ವೇಗ ಬೇಕಿಲ್ಲ. ಗಮನವಿಟ್ಟು ಹೊಡೆಯುವವರಿಗೆ ನಲವತ್ತರ ವೇಗದಲ್ಲೂ ಸುಖವಿದೆ.

ಆ ಸುಖ ಕೊಡುವುದು ನಮ್ಮೂರ ರಸ್ತೆಗಳು: ಹಾರೂಗೇರಿಯಿಂದ ಕುಡಚಿಗೆ ಹೊರಡಿ, ರಾಯಬಾಗಕ್ಕೆ ಹೊರಡಿ, ಮುಗಳಖೋಡಕ್ಕೆ ಹೊರಡಿ, ದಾರಿಯುದ್ದಕ್ಕೂ ಕಬ್ಬು. ಮಳೆಗಾಲ ಮುಗಿಯುವ ಹೊತ್ತಿಗೆ ಅದು ಆಳೆತ್ತರ ಮೀರಿ ನಿಂತು ಪ್ರತಿ ತಿರುವನ್ನೂ ಕುರುಡಾಗಿಸುತ್ತದೆ. ಆಗ ಆಚೆ ಬದಿಯಲ್ಲಿ ಏನಿದೆಯೋ ಎಂದು ಊಹಿಸಿಯೇ ತಿರುಗಬೇಕು. ಕಬ್ಬು ನುರಿಸುವ ಹಂಗಾಮು ಶುರುವಾಗಿ ಒಂದೊಂದೇ ಹೊಲ ಕಟಾವಾದಂತೆ ತಿರುವುಗಳು ಬಿಚ್ಚಿಕೊಳ್ಳುತ್ತವೆ. ಮಾರ್ಚ್ ಬರುವಷ್ಟರಲ್ಲಿ ಒಂದು ಫರ್ಲಾಂಗ್ ದೂರದಿಂದಲೇ ತಿರುವಿನ ಒಳಮೂಲೆ, ಹೊರಮೂಲೆ ಎರಡೂ ಕಾಣುತ್ತವೆ. ಒಂದೇ ರಸ್ತೆಯನ್ನು ವರ್ಷಕ್ಕೆ ಎರಡು ಬಗೆಯಲ್ಲಿ ಹೊಡೆಯುವ ಭಾಗ್ಯ ಕಬ್ಬಿನ ಸೀಮೆಯವರಿಗೆ ಮಾತ್ರ ಎಂದು ನಾನು ನಂಬಿದ್ದೇನೆ. ಟ್ರ್ಯಾಕ್ಟರಿನ ಗಾಲಿಗಳು ಹೊಲದಿಂದ ಎಳೆತಂದ ಎರೆಮಣ್ಣು ಡಾಂಬರಿನ ಮೇಲೆ ಒಣಗಿ ಕೂತಿರುತ್ತದೆ. ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಟೈರಿಗೂ ರಸ್ತೆಗೂ ಇದ್ದ ಸಂಬಂಧವೇ ಬದಲಾಗುತ್ತದೆ.

ಈ ಪ್ರೀತಿಯೇ ನನ್ನನ್ನು ಒಂದು ಲೆಕ್ಕಾಚಾರಕ್ಕೆ ತಂದು ನಿಲ್ಲಿಸಿದೆ: ದುಡ್ಡು ಕೊಟ್ಟು, ರೇಸ್ ಟ್ರ್ಯಾಕಿನಲ್ಲಿ, ಬಲ್ಲವರ ಕೈಕೆಳಗೆ ಡ್ರೈವಿಂಗ್ ಕೋರ್ಸ್ ಮಾಡಬೇಕೇ? ದಕ್ಷಿಣದಲ್ಲಿ ಅಂಥ ಕಲಿಕೆಗೆ ನಾನು ಬಲ್ಲ ದೊಡ್ಡ ನೆಲೆಗಳು ಎರಡು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಟ್ರ್ಯಾಕ್ ಇದೆ. ಉದ್ದ 3.7 ಕಿಲೋಮೀಟರು, ಶುರುವಾದದ್ದು 1990ರಲ್ಲಿ. ಅದಕ್ಕೂ ಮೊದಲು ಮದ್ರಾಸಿನ ರೇಸುಗಳು ಶೋಲಾವರಂನ ಹಳೆಯ ವಿಮಾನ ಓಡುದಾರಿಯ ಮೇಲೆ ನಡೆಯುತ್ತಿದ್ದವು. ಇನ್ನೊಂದು ಕೊಯಮತ್ತೂರಿನ ಕರಿ ಸ್ಪೀಡ್‌ವೇ. ತಮ್ಮ ಕೈಯಾರೆ ರೇಸ್ ಕಾರು ಕಟ್ಟಿ ಎಷ್ಟೋ ಹುಡುಗರನ್ನು ಬೆಳೆಸಿದ, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದ ಎಸ್. ಕರಿವರ್ಧನ್ ಅವರ ಹೆಸರು ಹೊತ್ತ ಟ್ರ್ಯಾಕ್ ಅದು. ನಮ್ಮ ಬೆಂಗಳೂರಿನಲ್ಲೂ ಅಕ್ಬರ್ ಇಬ್ರಾಹಿಂ ಅವರ ಮೆಕೋ ಸಂಸ್ಥೆ ಕಾರ್ಟಿನಿಂದ ಹಿಡಿದು ರೇಸ್ ಕಾರಿನವರೆಗೆ ಕಲಿಸುತ್ತ ಬಂದಿದೆ.

ಫೀ ಶಾಲೆಯಿಂದ ಶಾಲೆಗೆ, ಕಾರಿನಿಂದ ಕಾರಿಗೆ ಬೇರೆ. ಎಷ್ಟೇ ಇರಲಿ, ನಮ್ಮಲ್ಲಿ ಹಣವನ್ನು ಅಳೆಯುವುದು ಕಬ್ಬಿನಲ್ಲಿ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕಬ್ಬಿನ ಬೆಲೆಗಾಗಿ ರಸ್ತೆಯ ಮೇಲೇ ಕೂತು ಹೋರಾಡಿದ ಮೇಲೆ ಟನ್ನಿಗೆ 3,300 ರೂಪಾಯಿ ಎಂದು ಸರ್ಕಾರ ಒಪ್ಪಿತು. ಆ ಲೆಕ್ಕದಲ್ಲಿ ಕೋರ್ಸಿನ ಪ್ರತಿ ಹತ್ತು ಸಾವಿರಕ್ಕೆ ಮೂರು ಟನ್ ಕಬ್ಬು. ನೀರು ಹಾಯಿಸಿ, ಗೊಬ್ಬರ ಹಾಕಿ, ಕಟಾವಿನ ಗ್ಯಾಂಗಿನ ದಾರಿ ಕಾದು ಪಡೆದ ಮೂರು ಟನ್ನು. ಅದನ್ನು ಒಂದು ತಿರುವು ಕಲಿಯಲು ಕೊಡುವುದೆಂದರೆ ಹಗುರಾದ ಮಾತಲ್ಲ.

ನಮ್ಮ ಕಾಕಾ ಹಂಗಾಮು ಪೂರ್ತಿ ಕಾರ್ಖಾನೆಗೆ ಕಬ್ಬು ಹೊಡೆಯುವವರು. ವಿಷಯ ಕಿವಿಗೆ ಬಿದ್ದೊಡನೆ ಅವರು ಅಂದರು: “ರೊಕ್ಕಾ ಕೊಟ್ಟು ಗಾಡಿ ಹೊಡಿಯಾಕ ಕಲಿಯೂದ ಏನೈತಿ ತಮ್ಮಾ? ಎರಡ ಟ್ರೇಲರ್ ಹಚ್ಚಿದ ಟ್ರ್ಯಾಕ್ಟರ್ ಒಮ್ಮಿ ಹಿಂದಕ್ಕ ತಗೊಂಡು ನಿಲ್ಲಸು. ಎಲ್ಲಾ ಅದರಾಗ ಐತಿ.”

ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ನಮ್ಮ ಕಡೆಯ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ ನೋಡಿದವರಿಗೆ ಕೈಯ ಕಲೆ ಎಂದರೇನು ಎಂದು ಬೇರೆ ಹೇಳಬೇಕಿಲ್ಲ. ಹಿಂದಕ್ಕೆ ಹೋಗುವಾಗ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರಿನ ಹಿಂಭಾಗ ಬಲಕ್ಕೆ ಹೋಗುತ್ತದೆ. ಎರಡನೆಯದು ಜೋಡಿಸಿದರೆ ಲೆಕ್ಕ ಮತ್ತೊಮ್ಮೆ ತಿರುವುಮುರುವು. ಸೊಟ್ಟಗಾದದ್ದು ಕಣ್ಣಿಗೆ ಬಿದ್ದ ಮೇಲೆ ತಿದ್ದಲು ಹೋದರೆ ತಡವಾಗಿರುತ್ತದೆ. ಗೆಲ್ಲುವ ಡ್ರೈವರ್ ಸೊಟ್ಟಗಾಗುವ ಮೊದಲೇ ಬೆರಳಷ್ಟು ತಿದ್ದುತ್ತಾನೆ. ದೂರದಿಂದ ನೋಡಿದರೆ ಅವನ ಕೈ ಅಲುಗಿದ್ದೇ ಕಾಣುವುದಿಲ್ಲ. ಕಡಿಮೆ ತಿರುಗಿಸು, ಬೇಗ ತಿರುಗಿಸು, ಮೃದುವಾಗಿ ತಿರುಗಿಸು: ರೇಸ್ ಶಾಲೆಯ ಮೊದಲ ದಿನದ ಪಾಠವೂ ಇದೇ.

ಓಟಕ್ಕೆ ಹಣ ಹಾಕುವುದೂ ನಮ್ಮವರಿಗೆ ಹೊಸದಲ್ಲ. ಗಾಡಾ ಶರ್ಯತ್ತಿನ, ಅಂದರೆ ಎತ್ತಿನಗಾಡಿ ಓಟದ, ಜೋಡೆತ್ತಿಗೆ ಲಕ್ಷಗಟ್ಟಲೆ ಕೊಟ್ಟವರು ಊರೂರಿಗೂ ಸಿಗುತ್ತಾರೆ. 2014ರಲ್ಲಿ ಸುಪ್ರೀಂ ಕೋರ್ಟ್ ಶರ್ಯತ್ತು ನಿಲ್ಲಿಸಿದಾಗಲೂ ಎತ್ತು ಮಾರದೆ ಕಾದವರಿದ್ದರು. ರಾಜ್ಯ ಕಾನೂನು ತಿದ್ದಿತು, 2023ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹಾಗಾಗಿ “ಇಷ್ಟೊಂದು ರೊಕ್ಕಾನ?” ಎಂಬ ಪ್ರಶ್ನೆ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಕೊಟ್ಟ ಹಣಕ್ಕೆ ಕಾಕಾ ಕಲಿಸಲಾಗದ್ದು ಏನು ಸಿಗುತ್ತದೆ ಎಂಬುದನ್ನೇ ನಾನು ತೂಗುತ್ತಿದ್ದೇನೆ.

ಸಿಗುವುದು ಎರಡು. ಮೊದಲನೆಯದು, ಟೈರು ನೆಲವನ್ನು ಬಿಡುವ ಎಲ್ಲೆ. ಒಂದೊಂದು ಟೈರು ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ಅಂಗೈಯಗಲ. ಆ ನಾಲ್ಕು ಅಂಗೈಗಳ ಹಿಡಿತವನ್ನೇ ಬ್ರೇಕೂ ತಿರುವೂ ಹಂಚಿಕೊಳ್ಳಬೇಕು. ಪೂರ್ತಿ ಬ್ರೇಕಿಗೆ ಕೊಟ್ಟರೆ ತಿರುಗಲು ಉಳಿಯುವುದಿಲ್ಲ, ಪೂರ್ತಿ ತಿರುವಿಗೆ ಕೊಟ್ಟರೆ ನಿಲ್ಲಲು ಉಳಿಯುವುದಿಲ್ಲ. ಈ ಹಂಚಿಕೆಯ ತುದಿ ಎಲ್ಲಿದೆ ಎಂದು ಊರ ರಸ್ತೆಯಲ್ಲಿ ಹುಡುಕಬಾರದು. ಹುಡುಕಿದವರ ಕಥೆಗಳು ಪ್ರತಿ ಊರಿನಲ್ಲೂ ಇವೆ. ಟ್ರ್ಯಾಕಿನಲ್ಲಿ ಎದುರು ಬರುವವರಿಲ್ಲ, ಜಾರಿದರೆ ಬಯಲಿದೆ, ಪಕ್ಕದಲ್ಲಿ ಗುರುವಿದ್ದಾನೆ.

ವೇಗ ಎರಡರಷ್ಟಾದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಎಂಬತ್ತರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮುಂದಿನ ಟ್ರೇಲರಿನ ಹಿಂಬದಿಯಲ್ಲಿ ದೀಪವಿಲ್ಲ ಎಂದು ತಿಳಿಯಲು ಬೇಕಾದ ಹೊತ್ತಿನಲ್ಲೇ ಅಷ್ಟು ದೂರ ಕಳೆದಿರುತ್ತದೆ, ಬ್ರೇಕ್ ಶುರುವಾಗುವುದು ಅದರ ನಂತರ. ಒಣ ಡಾಂಬರಿನಲ್ಲಿ ಒಳ್ಳೆಯ ಟೈರಿದ್ದರೂ ಆಮೇಲೆ ಇನ್ನೂ ಸುಮಾರು ಮೂವತ್ತು ಮೀಟರು ಬೇಕು. ಇದು ಓದಿ ತಿಳಿದದ್ದು. ಟ್ರ್ಯಾಕಿನ ಹಳದಿ ಕೋನುಗಳ ನಡುವೆ ಮೈಯೆಲ್ಲ ಬೆಲ್ಟಿಗೆ ಒತ್ತಿ ನಿಂತಾಗ ತಿಳಿಯುವುದು ಬೇರೆ. ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್ ವಿಷಯವೂ ಹಾಗೆಯೇ. 2019ರ ಏಪ್ರಿಲಿನಿಂದ ಇಲ್ಲಿ ಮಾರುವ ಕಾರುಗಳಿಗೆಲ್ಲ ಅದು ಕಡ್ಡಾಯ. ಆದರೆ ಪೂರ್ತಿ ಬ್ರೇಕ್ ಒತ್ತಿದಾಗ ಪೆಡಲು ಗಡಗಡನೆ ನಡುಗಿ ಪಾದವನ್ನು ಒದೆಯುತ್ತದೆ ಎಂದು ಎಷ್ಟು ಜನರಿಗೆ ಗೊತ್ತು? ಗೊತ್ತಿಲ್ಲದವರು ಏನೋ ಮುರಿಯಿತೆಂದು ಗಾಬರಿಯಾಗಿ ಕಾಲು ಎತ್ತುತ್ತಾರೆ. ಆಗಲೇ ಎತ್ತಬಾರದು. ಒತ್ತಿಯೇ ಹಿಡಿದು, ಸ್ಟಿಯರಿಂಗ್ ತಿರುಗಿಸಿ, ಅಡ್ಡಬಂದದ್ದನ್ನು ತಪ್ಪಿಸಿ ಹೋಗಬೇಕು. ಅದಕ್ಕೆಂದೇ ಆ ಯಂತ್ರ ಇರುವುದು. ಕೋರ್ಸಿನಲ್ಲಿ ಇದೊಂದನ್ನೇ ಕಲಿಸಿದರೂ ನಾನು ಕಬ್ಬಿನ ಲೆಕ್ಕ ಕೇಳುವುದಿಲ್ಲ.

ಎರಡನೆಯದು, ನನ್ನ ಕಣ್ಣನ್ನು ಕಾಯುವ ಇನ್ನೊಂದು ಕಣ್ಣು. ಕಣ್ಣು ಹೋದ ಕಡೆ ಕೈ ಹೋಗುತ್ತದೆ, ಕೈ ಹೋದ ಕಡೆ ಗಾಡಿ. ಗುಂಡಿ ನೋಡಿದರೆ ಗುಂಡಿಗೇ ಇಳಿಯುತ್ತೇವೆ. ತಿರುವು ಶುರುವಾಗುವ ಮೊದಲೇ ನೋಟ ಅದರ ಕೊನೆಗೆ ಹೋಗಿ ಕಾಯಬೇಕು. ನಮ್ಮ ಕಣ್ಣು ಎಲ್ಲಿತ್ತೆಂದು ನಮಗೇ ತಿಳಿಯುವುದಿಲ್ಲ. ಅದನ್ನು ಹೇಳಲು ಪಕ್ಕದ ಸೀಟಿನಲ್ಲಿ ಪಳಗಿದವರು ಬೇಕು. ಸಂಗೀತ ಕಲಿಯುವವರು ಗುರುವಿನೆದುರು ಕೂರುವುದು ಇದೇ ಕಾರಣಕ್ಕೆ. ಒಳ್ಳೆಯ ಗುರುಗಳು ಎಂಜಿನ್ ಶುರು ಮಾಡುವ ಮೊದಲು ಸೀಟಿನ ಮೇಲೇ ಬಹಳ ಹೊತ್ತು ಕಳೆಯುತ್ತಾರೆ: ಭುಜ ಸೀಟಿಗೆ ಆನಿಕೊಂಡೇ ಮಣಿಕಟ್ಟು ಸ್ಟಿಯರಿಂಗಿನ ನೆತ್ತಿಗೆ ತಾಗಬೇಕು, ಪೆಡಲು ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಬಾಗಿರಬೇಕು. ಒರಗಿ ಮಲಗಿ ಒಂದೇ ಕೈಯಲ್ಲಿ ಹೊಡೆಯುವ ನಮ್ಮ ಹುಡುಗರನ್ನು ಕಂಡಾಗಲೆಲ್ಲ ಈ ಪಾಠ ಹಾರೂಗೇರಿಯಲ್ಲೇ ಸಿಗುವಂತಿದ್ದರೆ ಅನ್ನಿಸುತ್ತದೆ.

ಬೇಡವಾದದ್ದೂ ಇದೆ. ಲ್ಯಾಪ್ ಟೈಮು, ಸರ್ಟಿಫಿಕೇಟು, ಬಣ್ಣದ ಸೂಟಿನ ಫೋಟೋ, ಇವಕ್ಕೆ ನಾನು ಒಂದು ಜಲ್ಲೆ ಕಬ್ಬನ್ನೂ ಕೊಡಲಾರೆ. ಅದಕ್ಕಿಂತ ದೊಡ್ಡ ಅಪಾಯ, ಎಲ್ಲ ಬಂತೆಂಬ ಹಮ್ಮು. ನಾರ್ವೆಯಲ್ಲಿ ಹೊಸ ಡ್ರೈವರುಗಳಿಗೆಲ್ಲ ಜಾರುವ ನೆಲದ ತರಬೇತಿ ಕಡ್ಡಾಯ ಮಾಡಿದ್ದರು. 1980ರ ದಶಕದಲ್ಲಿ ಪರಿಶೀಲಿಸಿ ನೋಡಿದರೆ, ಜಾರುವ ರಸ್ತೆಗಳಲ್ಲಿ ಎಳೆಯ ಗಂಡಸರ ಅಪಘಾತಗಳು ಹೆಚ್ಚಾಗಿದ್ದವು. ಜಾರಿದರೂ ಸಂಭಾಳಿಸಬಲ್ಲೆ ಎಂದು ನಂಬಿದವರು ಜಾರುವಷ್ಟು ವೇಗ ಹೋಗಿದ್ದರು. ಆಮೇಲೆ ಅಲ್ಲಿಯವರು ಪಾಠದ ಗುರಿಯನ್ನೇ ತಿರುಗಿಸಿ, ಜಾರುವ ಮೊದಲೇ ವೇಗ ಇಳಿಸುವ ಬುದ್ಧಿಯನ್ನು ಕಲಿಸತೊಡಗಿದರು. ಸಂಕೇಶ್ವರದಿಂದ ನಿಪ್ಪಾಣಿಗೆ ಹೋಗುವಾಗ ತವಂದಿ ಘಾಟಿನ ಇಳಿಜಾರಿನಲ್ಲಿ ನನಗೆ ಬೇಕಾದದ್ದು ಈ ಬುದ್ಧಿಯೇ.

ಅದಕ್ಕೇ ಹಣ ಕಟ್ಟುವ ಮೊದಲು ಶಾಲೆಯವರನ್ನು ಕೇಳಲು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. ಒಬ್ಬ ಗುರುವಿಗೆ ಎಷ್ಟು ಶಿಷ್ಯರು? ದಿನದಲ್ಲಿ ಸ್ಟಿಯರಿಂಗ್ ನನ್ನ ಕೈಯಲ್ಲಿರುವುದು ಎಷ್ಟು ನಿಮಿಷ? ಒದ್ದೆ ನೆಲದ ಬ್ರೇಕಿಂಗ್ ಇದೆಯೇ? ನಾನು ದಿನಾ ಹೊಡೆಯುವ ಕಾರಿನಲ್ಲೇ ಕಲಿಯಬಹುದೇ? ಉತ್ತರ ಸ್ಪಷ್ಟವಾಗಿ ಬಂದರೆ, ಹಂಗಾಮು ಮುಗಿದು ಬಿಲ್ಲು ಜಮಾ ಆದೊಡನೆ ಒಂದು ದಿನದ ಕೋರ್ಸಿಗೆ ಹೋಗುವುದೆಂದು ತೀರ್ಮಾನಿಸಿದ್ದೇನೆ. ಅದಕ್ಕೂ ಮೊದಲು ಕಾರಿಗೆ ನಾಲ್ಕು ಹೊಸ ಟೈರು ಬರಬೇಕು. ಸವೆದ ಟೈರಿನ ಮೇಲೆ ಎಂಥ ಗುರುವಿನ ಪಾಠವೂ ನಿಲ್ಲುವುದಿಲ್ಲ.

ಎರಡನೆಯ ದಿನಕ್ಕೆ ಕೊಡಬಹುದಾದ ಫೀ ಮಗಳಿಗೆ. ಕೊಲ್ಲಾಪುರದಲ್ಲಿ ಮೋಹಿತೆ ರೇಸಿಂಗಿನವರ ಕಾರ್ಟ್ ಟ್ರ್ಯಾಕ್ ಇದೆ, ಚೆನ್ನೈಗೆ ಹೋಲಿಸಿದರೆ ಅದು ನಮ್ಮ ಮನೆಯಂಗಳ. ಬಾಡಿಗೆಯ ಕಾರ್ಟಿಗೆ ಗೇರಿಲ್ಲ, ಪವರ್ ಸ್ಟಿಯರಿಂಗಿಲ್ಲ, ನೆಲದಿಂದ ನಾಲ್ಕು ಬೆರಳು ಮೇಲೆ ಕೂತವರಿಗೆ ತೂಕ ಸರಿಯುವುದು ನೇರ ಬೆನ್ನಿಗೇ ತಿಳಿಯುತ್ತದೆ. ಚಿಕ್ಕೋಡಿಯ ಆರ್‌ಟಿಓ ಕಚೇರಿಯಲ್ಲಿ ಲೈಸೆನ್ಸಿಗೆ ಅರ್ಜಿ ಹಾಕುವ ಮೊದಲು ಅವಳು ಅಲ್ಲೊಂದು ದಿನ ಸುತ್ತಬೇಕು. ಉಳಿದ ರಿವರ್ಸ್ ಪಾಠಕ್ಕೆ ಕಾಕಾ ಇದ್ದಾರೆ. ಅವರನ್ನು ಆಗಲೇ ಕೇಳಿಯಾಗಿದೆ, ಖಾಲಿ ಟ್ರೇಲರ್ ಸಿಕ್ಕ ದಿನ ಕಳಿಸು ಅಂದಿದ್ದಾರೆ.