ನಂಬಿಕೆಯ ಉದ್ರಿ

ವ್ಯಾಪಾರಿಯ ಮನೆಯಲ್ಲಿ ಹುಟ್ಟಿ, ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು, ನಲವತ್ತು ವರ್ಷಗಳಿಗೂ ಮೀರಿ ಹುಬ್ಬಳ್ಳಿಯ ಪೇಟೆಯಲ್ಲಿ ಬಟ್ಟೆಯ ಅಂಗಡಿ ನಡೆಸಿದ ನನಗೆ ಜಮೆ-ಖರ್ಚಿನ ಭಾಷೆಯು ಮಾತೃಭಾಷೆಯಷ್ಟೇ ಸಹಜವಾಗಿಬಿಟ್ಟಿದೆ. ಸ್ವಾಧ್ಯಾಯಕ್ಕೆ ಕುಳಿತಾಗಲೂ ಮನಸ್ಸು ಎಡಕ್ಕೊಂದು ಬಲಕ್ಕೊಂದು ಅಂಕಣ ಎಳೆದುಕೊಂಡೇ ಓದುತ್ತದೆ. ಆದುದರಿಂದ ಇಲ್ಲಿ ನಿವೇದಿಸಬೇಕೆಂದಿರುವ ವಿಷಯವನ್ನೂ ಒಂದು ಬಾಕಿಯ ರೂಪದಲ್ಲಿಯೇ ಹೇಳಿದರೆ ವಾಚಕರು ಮನ್ನಿಸಬೇಕು. ಅದು ಹಣದ ಬಾಕಿಯಲ್ಲ. ಒಬ್ಬ ಮಿತ್ರನಿಗೆ ಸಲ್ಲಬೇಕಾಗಿದ್ದ ಒಂದು ಒಳ್ಳೆಯ ಮಾತನ್ನು ನಾನು ಇಪ್ಪತ್ತೊಂದು ವರ್ಷ ಕೊಡದೆ ಉಳಿಸಿಕೊಂಡಿದ್ದೆ.

ಆ ಬಾಕಿ ನನ್ನ ನೆನಪಿಗೆ ಬಂದದ್ದು ಆಕಾಶದಲ್ಲಿ. 2022ರ ಡಿಸೆಂಬರಿನಲ್ಲಿ ದೆಹಲಿಯಲ್ಲಿರುವ ಮಗಳ ಮನೆಗೆ ಹೋಗುವ ಪ್ರಸಂಗ ಒದಗಿತು. ಹಿಂದೆ ಸರಕಿನ ಖರೀದಿಗೆಂದು ಉತ್ತರಕ್ಕೆ ಹೋಗುವಾಗ ರೈಲಿನಲ್ಲಿ ಎರಡು ರಾತ್ರಿ ಕಳೆಯುತ್ತಿದ್ದೆ. ಈಗ ಬೆಂಗಳೂರಿನಿಂದ ದೆಹಲಿಗೆ ಸುಮಾರು ಎರಡು ಮುಕ್ಕಾಲು ಗಂಟೆಯ ದಾರಿ. ನಮ್ಮ ಹಿರಿಯರು ದಿಗ್ವ್ರತವನ್ನು ಸ್ವೀಕರಿಸುವಾಗ ಇಂಥ ನದಿಯಿಂದಾಚೆಗೆ, ಇಂಥ ಬೆಟ್ಟದಿಂದಾಚೆಗೆ ಹೋಗುವುದಿಲ್ಲವೆಂದು ಎಲ್ಲೆ ಹಾಕಿಕೊಳ್ಳುತ್ತಿದ್ದರು. ಆ ಹತ್ತು ದಿಕ್ಕುಗಳಲ್ಲಿ ಮೇಲಿನದೂ ಒಂದು. ಆ ಕಾಲದ ಶ್ರಾವಕರಿಗೆ ಊರ್ಧ್ವದಿಕ್ಕಿನ ಎಲ್ಲೆಯಿಂದ ಹೆಚ್ಚಿನ ತೊಂದರೆಯಾಗಿರಲಾರದು. ನೆಲದಿಂದ ಹತ್ತು ಕಿಲೋಮೀಟರು ಮೇಲೆ, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕುಳಿತಿದ್ದ ನನಗೆ ಮಾತ್ರ ಆ ಮಾತು ಮೊದಲ ಬಾರಿಗೆ ಅರ್ಥವಾದಂತೆ ತೋರಿತು.

ಸಂಜೆ ನಾಲ್ಕರ ವಿಮಾನ. ಚಳಿಗಾಲವಾದ್ದರಿಂದ ದಾರಿಯಲ್ಲಿಯೇ ಹೊತ್ತು ಮುಳುಗುವ ಸಂಭವವಿತ್ತು. ನನ್ನ ಶ್ರೀಮತಿಯವರು ತೆಳು ಚಪಾತಿ, ಶೇಂಗಾ ಚಟ್ನಿಯ ಡಬ್ಬಿಯನ್ನು ಮನೆಯಿಂದಲೇ ತಂದಿದ್ದರು. ನಾನು ಪುಸ್ತಕದಲ್ಲಿ ಮುಳುಗಿ ಊಟದ ಹೊತ್ತನ್ನು ಮರೆತೆ. ತಲೆಯೆತ್ತಿ ಕಿಟಕಿಯಲ್ಲಿ ನೋಡಿದರೆ ಕೆಳಗಿನ ಭೂಮಿ ಕಪ್ಪಾಗುತ್ತಿತ್ತು, ಊರುಗಳ ದೀಪಗಳು ಕಾಣಲಾರಂಭಿಸಿದ್ದವು. ಆದರೆ ವಿಮಾನದ ರೆಕ್ಕೆಯ ಮೇಲೆ ಕೆಂಬಿಸಿಲು ಇನ್ನೂ ಇತ್ತು. ಅಷ್ಟು ಎತ್ತರದಲ್ಲಿರುವವನಿಗೆ ದಿಗಂತವು ಕೆಳಗೆ ಸರಿದಿರುತ್ತದೆ. ಆದಕಾರಣ ನೆಲದವರಿಗೆ ಮುಳುಗಿದ ಸೂರ್ಯ ಅವನಿಗೆ ಮತ್ತೆ ಹತ್ತು-ಹದಿನೈದು ನಿಮಿಷ ಕಾಣುತ್ತಿರುತ್ತಾನೆ. ಶ್ರೀಮತಿಯವರು ಡಬ್ಬಿ ತೆರೆದು, “ಸೂರ್ಯ ಇನ್ನೂ ಕಾಣಾಕತ್ತಾನ, ಲಗೂನ ಊಟಾ ಮಾಡ್ರಿ” ಎಂದರು.

ನಾನು ಉಣ್ಣಲಿಲ್ಲ. ನಮ್ಮ ಕೆಳಗಿರುವ ನೆಲದ ಹೊತ್ತೇ ನಮ್ಮ ಹೊತ್ತು ಎಂಬುದು ನನ್ನ ನಿರ್ಣಯ. ಅಷ್ಟಕ್ಕೆ ನಿಲ್ಲಿಸಿದ್ದರೆ ಸರಿಯಾಗುತ್ತಿತ್ತು. ಆದರೆ ಚಪಾತಿಯ ಮೊದಲ ತುತ್ತನ್ನು ಬಾಯಿಗಿಡುತ್ತಿದ್ದ ಅವರಿಗೂ ಅಸ್ತಮಾನದ ಲೆಕ್ಕವನ್ನು ವಿವರಿಸತೊಡಗಿದೆ. ಅವರು ನಕ್ಕು, “ನಿಮ್ಮ ವ್ರತಾ ನೀವು ಪಾಲಿಸ್ರಿ. ಕೆಂಪು ಪೆನ್ಸಿಲ್ ವಿಮಾನದಾಗೂ ತಂದೀರೇನು?” ಎಂದರು.

ಅವರು ತಮಾಷೆಗೆ ಆಡಿದ ಮಾತು. ನನಗೆ ಮಾತ್ರ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಏಕೆಂದರೆ ಆ ಕೆಂಪು ಪೆನ್ಸಿಲಿಗೆ ಒಂದು ಕಥೆಯಿದೆ.

ಕಾಲೇಜಿನಲ್ಲಿ ನನ್ನ ಸಹಪಾಠಿಯಾಗಿದ್ದ ಮಿತ್ರನೊಬ್ಬ ಮುಂದೆ ಬಳೆಯ ಅಂಗಡಿ ಹಾಕಿದ. ಗಾಜಿನ ಬಳೆಗಳಿಗೆ ಹೆಸರಾದ ಫಿರೋಜಾಬಾದಿನಿಂದ ಅವನಿಗೆ ಸರಕು ಬರುತ್ತಿತ್ತು. ಅದರೊಡನೆ ಕಾಗದಪತ್ರಗಳೂ ಬರುತ್ತಿದ್ದವು. ನನಗೆ ಬಾಲ್ಯದಿಂದಲೂ ಅಂಚೆಚೀಟಿ ಸಂಗ್ರಹದ ಹವ್ಯಾಸ. ಇದೂ ಒಂದು ಪರಿಗ್ರಹವೇ ಅಲ್ಲವೇ ಎಂಬ ಶಂಕೆ ಹುಟ್ಟಿ, ಭಾರತದ ಚೀಟಿಗಳು ಮಾತ್ರ, ನಾಲ್ಕು ಆಲ್ಬಮ್ಮುಗಳಷ್ಟು ಮಾತ್ರ ಎಂದು ಪರಿಮಾಣ ಮಾಡಿಕೊಂಡಿದ್ದೇನೆ. ಈ ಮಿತ್ರನು ಪ್ರತಿಯೊಂದು ಲಕೋಟೆಯ ಚೀಟಿಯನ್ನೂ ನೀರಿನಲ್ಲಿ ನೆನೆಯಿಸಿ, ಬಿಡಿಸಿ, ಒಣಗಿಸಿ, ಬಳೆ ಸುತ್ತುವ ತೆಳುಕಾಗದದಲ್ಲಿಟ್ಟು ನನಗೆ ತಲುಪಿಸುತ್ತಿದ್ದ. ಶ್ರವಣಬೆಳಗೊಳದ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕದ ನೆನಪಿಗೆ 1981ರಲ್ಲಿ ಹೊರಬಂದ ಗೊಮ್ಮಟೇಶ್ವರನ ಚೀಟಿ ನನ್ನ ಸಂಗ್ರಹಕ್ಕೆ ಬಂದದ್ದೂ ಅವನ ಕೈಯಿಂದಲೇ. ಅಂಚೆಚೀಟಿಯಲ್ಲಿ ಅವನಿಗೆ ಸ್ವಂತ ಆಸಕ್ತಿಯೇನೂ ಇರಲಿಲ್ಲ. ನನಗೆ ಆಸಕ್ತಿಯಿದೆ ಎಂಬುದೇ ಅವನಿಗೆ ಸಾಕಾಗಿತ್ತು.

ಅವನಿಗಿದ್ದ ಹವ್ಯಾಸ ಬೇರೆ. ಕಾಲೇಜಿನ ದಿನಗಳಲ್ಲಿ ಒಮ್ಮೆ ನಾವಿಬ್ಬರೂ ಗದಗದ ಹತ್ತಿರದ ಲಕ್ಕುಂಡಿಗೆ ಹೋಗಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯನ್ನು ನೋಡಿ ಬಂದಿದ್ದೆವು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಸ್ವಂತ ಖರ್ಚಿನಿಂದ ಬರೆಯಿಸಿ ಹಂಚಿದ ಆ ದಾನಚಿಂತಾಮಣಿಯ ಆಶ್ರಯದಲ್ಲಿಯೇ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದನೆಂಬುದನ್ನು ವಾಚಕರು ಬಲ್ಲರು. ರನ್ನನು ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆತನದವನು. ತನ್ನ ಕಸುಬಿನ ಕುಲದಲ್ಲಿ ಹುಟ್ಟಿದವನು ಕವಿಚಕ್ರವರ್ತಿಯಾದನೆಂಬ ಸಂಗತಿ ನನ್ನ ಮಿತ್ರನ ಮನಸ್ಸನ್ನು ಹಿಡಿದು ಬಿಡಲೇ ಇಲ್ಲ. ಅಜಿತಪುರಾಣವನ್ನು ತನ್ನ ಮನೆಯ ಹೆಣ್ಣುಮಕ್ಕಳಿಗೂ ತಿಳಿಯುವಂಥ ಸರಳವಾದ ಹೊಸಗನ್ನಡ ಗದ್ಯಕ್ಕೆ ತರಬೇಕೆಂದು ಅವನು ಸಂಕಲ್ಪಿಸಿದ. ರಾತ್ರಿ ಅಂಗಡಿಯ ಬಾಗಿಲು ಹಾಕಿದ ಮೇಲೆ, ಲೆಕ್ಕ ಬರೆಯುವ ಉದ್ದನೆಯ ಪುಸ್ತಕದಲ್ಲಿ, ದಿನಕ್ಕೊಂದೋ ಎರಡೋ ಪದ್ಯಗಳಂತೆ ಬರೆಯುತ್ತ ಹೋದ. ಹನ್ನೆರಡು ಆಶ್ವಾಸಗಳಲ್ಲಿ ನಾಲ್ಕು ಮುಗಿಯುವ ಹೊತ್ತಿಗೆ ಅವನಿಗೆ ನಾಲ್ಕು ವರ್ಷಗಳು ಹಿಡಿದಿದ್ದವು.

2001ರಲ್ಲಿ ಒಂದು ದಿನ ಆ ಮೂರು ಪುಸ್ತಕಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ನನ್ನ ಅಂಗಡಿಗೆ ಬಂದು, ಓದಿ ನೋಡೆಂದು ಕೊಟ್ಟ. ಹಳಗನ್ನಡದಲ್ಲಿ ನನಗೆ ಅಷ್ಟಿಷ್ಟು ಪರಿಶ್ರಮವಿದೆಯೆಂಬ ಹೆಮ್ಮೆ ನನ್ನದು. ಮೂರು ವಾರ ಇಟ್ಟುಕೊಂಡು ಶ್ರದ್ಧೆಯಿಂದಲೇ ಓದಿದೆ. ಸಮಾಸಗಳನ್ನು ಬಿಡಿಸುವಲ್ಲಿ, ಪಾರಿಭಾಷಿಕ ಶಬ್ದಗಳಲ್ಲಿ ಅವನು ಮಾಡಿದ್ದ ತಪ್ಪುಗಳಿಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದೆ. ಒಟ್ಟು 43 ತಪ್ಪುಗಳು. ಅವುಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದು, ಪುಸ್ತಕದೊಳಗಿಟ್ಟು, ಮರಳಿಸಿದೆ. ಆ ಪಟ್ಟಿಯಲ್ಲಿ ಒಂದು ತಪ್ಪೂ ಇರಲಿಲ್ಲವೆಂದು ಇಂದಿಗೂ ಹೇಳಬಲ್ಲೆ. ಆದರೆ ಅದರಲ್ಲಿ ಒಂದು ಒಳ್ಳೆಯ ಮಾತೂ ಇರಲಿಲ್ಲ. ಅವನ ಗದ್ಯವು ಓದುವವನನ್ನು ಕೈಹಿಡಿದು ನಡೆಸಿಕೊಂಡು ಹೋಗುವಂತಿತ್ತು. ಎಷ್ಟೋ ಕಡೆ ನನಗೆ ಅರ್ಥವಾಗದಿದ್ದ ಪದ್ಯಗಳು ಅವನಿಂದಲೇ ತಿಳಿದವು. ಅದನ್ನು ಹೇಳಬೇಕೆಂದು ನನಗೆ ತೋಚಲೇ ಇಲ್ಲ.

ಎರಡು ವರ್ಷಗಳ ಮೇಲೆ, ಎಲ್ಲಿಯವರೆಗೆ ಬಂದಿತೆಂದು ಸಹಜವಾಗಿ ಕೇಳಿದೆ. ಅವನು ಬಳೆಗಳನ್ನು ಎಣಿಸುತ್ತಲೇ, “ನೀ ತೋರಿಸಿದ್ದೆಲ್ಲಾ ಖರೇ ಐತಿ ಬಿಡಪಾ. ಬಳೀ ಮಾರಾವಗ ಅದೆಲ್ಲಾ ಯಾಕ ಬೇಕು?” ಎಂದ. ಮುಖದಲ್ಲಿ ಸಿಟ್ಟಿರಲಿಲ್ಲ. ಆ ತಿಂಗಳಿನ ಅಂಚೆಚೀಟಿಗಳ ಪೊಟ್ಟಣವನ್ನು ಎಂದಿನಂತೆಯೇ ನನ್ನ ಕೈಗಿತ್ತ. ನಾನು ಅದನ್ನು ತೆಗೆದುಕೊಂಡು ಬಂದೆ.

ವಿಮಾನದಲ್ಲಿ ನನ್ನ ತೊಡೆಯ ಮೇಲಿದ್ದ ಪುಸ್ತಕ ಬನಾರಸೀದಾಸರ ಅರ್ಧಕಥಾನಕ. ಸಮಯಸಾರ ನಾಟಕವನ್ನು ರಚಿಸಿದ ಈ ಮಹನೀಯರು ವೃತ್ತಿಯಿಂದ ನಮ್ಮಂತೆಯೇ ವ್ಯಾಪಾರಿ. 1586ರಲ್ಲಿ ಜೌನಪುರದಲ್ಲಿ ಹುಟ್ಟಿದವರು. ಮನುಷ್ಯನ ಆಯುಷ್ಯ ನೂರಹತ್ತು ವರ್ಷವೆಂದೆಣಿಸಿ, ಐವತ್ತೈದನೆಯ ವಯಸ್ಸಿನಲ್ಲಿ, 1641ರಲ್ಲಿ, ತಮ್ಮ ಅರ್ಧ ಜೀವನದ ಕಥೆಯನ್ನು ಬರೆದರು. ಅದರಲ್ಲಿ ತಮ್ಮ ನಷ್ಟಗಳನ್ನೂ ದೋಷಗಳನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಶ್ರೀಮತಿಯವರ ಮಾತು ಮುಗಿದ ಮೇಲೆ ನಾನು ಮತ್ತೆ ತೆರೆದ ಪುಟದಲ್ಲಿ ಆಗ್ರಾದ ಪ್ರಸಂಗವಿತ್ತು. ವ್ಯಾಪಾರದಲ್ಲಿ ಬಂಡವಾಳವನ್ನೆಲ್ಲ ಕಳೆದುಕೊಂಡ ತರುಣ ಬನಾರಸೀದಾಸರು ಸಂಜೆಯ ಹೊತ್ತು ಮಧುಮಾಲತೀ, ಮೃಗಾವತೀ ಎಂಬ ಕಥಾಕಾವ್ಯಗಳನ್ನು ಓದಿ ಹೇಳುತ್ತಿದ್ದರು. ಹತ್ತಿಪ್ಪತ್ತು ಜನ ಕೂಡಿ ಕೇಳುತ್ತಿದ್ದರು. ಕೇಳುಗರಲ್ಲಿ ಕಚೋರಿ ಮಾರುವವನೊಬ್ಬನಿದ್ದ. ಬನಾರಸೀದಾಸರು ನಿತ್ಯವೂ ಅವನಲ್ಲಿ ಉದ್ರಿಯಾಗಿ ಕಚೋರಿ ತಿನ್ನುತ್ತಿದ್ದರು. ಒಂದು ದಿನ ಅವನನ್ನು ಏಕಾಂತದಲ್ಲಿ ಕರೆದು, ತನ್ನಲ್ಲಿ ಹಣವಿಲ್ಲ, ಮುಂದೆ ಬರುವ ಭರವಸೆಯೂ ಇಲ್ಲ, ಇನ್ನು ಉದ್ರಿ ಕೊಡಬೇಡ ಎಂದು ನಿಜವನ್ನು ತಿಳಿಸಿದರು. ಆದರೂ ಆ ಬಡ ವ್ಯಾಪಾರಿ ಕೊಡುವುದನ್ನು ನಿಲ್ಲಿಸಲಿಲ್ಲ. ಹಲವು ತಿಂಗಳು ಅವರು ಅದನ್ನೇ ತಿಂದು ದಿನ ಕಳೆದರು. ಕೈಯಲ್ಲಿ ಹಣವಾಡಿದಾಗ ಲೆಕ್ಕ ಮಾಡಿ ಸಲ್ಲಿಸಿದರು.

ಆ ಕಚೋರಿಯವನ ಹೆಸರು ಪುಸ್ತಕದಲ್ಲಿಲ್ಲ. ಅವನು ಸಮಯಸಾರವನ್ನು ಬಲ್ಲವನೂ ಆಗಿರಲಾರ. ಆದರೆ ಉದ್ರಿ ಕೊಡುವುದೆಂದರೇನೆಂಬುದನ್ನು ಅವನು ನನಗಿಂತ ಚೆನ್ನಾಗಿ ಅರಿತಿದ್ದ. ಎದುರಿಗಿರುವವನ ಬಳಿ ಏನಿಲ್ಲವೆಂಬುದು ಪೂರ್ತಿಯಾಗಿ ಗೊತ್ತಿದ್ದೂ, ಏನಿದೆಯೆಂಬುದರ ಮೇಲೆ ನಂಬಿಕೆಯಿಟ್ಟು ಕೊಡುವುದೇ ಉದ್ರಿ. ಪ್ರೋತ್ಸಾಹವೂ ಅಂಥದೇ. ಗೊತ್ತಿಲ್ಲದೆ ಹೊಗಳುವುದು ಪ್ರೋತ್ಸಾಹವಲ್ಲ, ಗೊತ್ತಿದ್ದೂ ಸುಳ್ಳು ಹೊಗಳುವುದು ಖೋಟಾ ನಾಣ್ಯ. ಸತ್ಯಾಣುವ್ರತಿಗೆ ಅದು ಸಲ್ಲದು. ನನ್ನ ಮಿತ್ರನ 43 ತಪ್ಪುಗಳನ್ನು ನಾನು ಇಲ್ಲವೆನ್ನಬೇಕಾಗಿರಲಿಲ್ಲ. ಅವುಗಳನ್ನು ಕಂಡ ಮೇಲೂ, ಇದನ್ನು ನೀನು ಮುಗಿಸಬಲ್ಲೆ, ಮುಗಿಸಬೇಕು ಎನ್ನಬೇಕಾಗಿತ್ತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ನಿರೂಪಿಸಿದ್ದಾರೆ. ಅವುಗಳಲ್ಲಿ ಐದನೆಯದು ಉಪಗೂಹನ, ಆರನೆಯದು ಸ್ಥಿತಿಕರಣ, ಏಳನೆಯದು ವಾತ್ಸಲ್ಯ. ದಾರಿಯಲ್ಲಿರುವವನ ದೋಷವನ್ನು ಬಯಲು ಮಾಡದೆ ಕಾಪಾಡುವುದು ಮೊದಲಿನದು. ಜಾರುತ್ತಿರುವವನನ್ನು ಮತ್ತೆ ನೆಲೆಯಲ್ಲಿ ನಿಲ್ಲಿಸುವುದು ಎರಡನೆಯದು. ಸ್ಥಿತಿಕರಣಕ್ಕೆ ಉದಾಹರಣೆಯಾದ ವಾರಿಷೇಣನು, ಮುನಿಯಾದರೂ ಬಿಟ್ಟುಬಂದ ಮಡದಿಯನ್ನೇ ನೆನೆಯುತ್ತಿದ್ದ ತನ್ನ ಜೊತೆಗಾರನನ್ನು ಹೀಯಾಳಿಸಲಿಲ್ಲ. ಅವನನ್ನು ಕರೆದುಕೊಂಡು ಹೋಗಿ ತಾನು ತೊರೆದ ಅರಮನೆಯನ್ನೂ ಅಂತಃಪುರವನ್ನೂ ತೋರಿಸಿದ. ಜೊತೆಗಾರನು ತಾನಾಗಿಯೇ ನಾಚಿ ಸ್ಥಿರವಾದ. ಈ ಅಂಗಗಳು ಮೂಲತಃ ಧರ್ಮಮಾರ್ಗದ ವಿಷಯವೆಂಬುದನ್ನು ಬಲ್ಲೆ. ಬಳೆ ಅಂಗಡಿಯ ಒಂದು ಹವ್ಯಾಸಕ್ಕೆ ಅವುಗಳನ್ನು ಅನ್ವಯಿಸುವುದು ಅತಿಯಾಯಿತೆಂದು ಪಂಡಿತರು ಹೇಳಬಹುದು. ಆದರೆ ಆ ಕ್ರಮವನ್ನು ಎಷ್ಟೋ ಸಲ ಕಂಠಪಾಠ ಒಪ್ಪಿಸಿದ್ದ ನಾನು, ಉಪಗೂಹನವು ಸ್ಥಿತಿಕರಣಕ್ಕಿಂತ ಮೊದಲೇ ಬರುತ್ತದೆಂಬುದನ್ನು ಆ ಸಂಜೆಯವರೆಗೂ ಗಮನಿಸಿರಲಿಲ್ಲ. ನಾನು ದೋಷವನ್ನು ಬಯಲು ಮಾಡಿದೆ. ಮಿತ್ರನು ಜಾರಿದ. ನಿಲ್ಲಿಸಲು ನಾನು ಹೋಗಲಿಲ್ಲ.

ಊರಿಗೆ ಮರಳಿದ ಮೂರನೆಯ ದಿನ ಅವನ ಮನೆಗೆ ಹೋದೆ. ಅಂಗಡಿಯನ್ನು ಈಗ ಅವನ ಮಗ ನೋಡಿಕೊಳ್ಳುತ್ತಾನೆ. ಮಿತ್ರನಿಗೆ ಎರಡೂ ಕಣ್ಣುಗಳ ದೃಷ್ಟಿ ಮಂದವಾಗಿದೆ. ದಪ್ಪಕ್ಷರಗಳ ಹೊರತು ಓದಲಾಗುವುದಿಲ್ಲ. ಆ ಪುಸ್ತಕಗಳೆಲ್ಲಿ ಎಂದು ಕೇಳಿದೆ. ಅವನು ತಡೆದು, ಸೊಸೆಯನ್ನು ಕರೆದು, ಅಟ್ಟದಿಂದ ತೆಗೆಸಿದ. ಮೂರನೆಯ ಪುಸ್ತಕವನ್ನು ತೆರೆದಾಗ ನನ್ನ ಕೈ ನಡುಗಿತು. ನಾಲ್ಕನೆಯ ಆಶ್ವಾಸದ ಕೊನೆಯ ಸಾಲಿನ ಕೆಳಗೆ, ಖಾಲಿ ಉಳಿದಿದ್ದ ಹಾಳೆಗಳಲ್ಲಿ, ಅಂಗಡಿಯ ಉದ್ರಿ ಲೆಕ್ಕ ಬರೆದಿದ್ದ. ಹನ್ನೆರಡು ಡಜನ್ ಹಸಿರು ಬಳೆ, ಆರು ಡಜನ್ ಕೆಂಪು ಬಳೆ, ಬಾಕಿ ಇಷ್ಟು. ರನ್ನನ ಬೆನ್ನಿಗೆ ಬಾಕಿದಾರರ ಹೆಸರುಗಳು.

ನಾನು ಮಾಡಿದ ತಪ್ಪನ್ನು ಅವನೆದುರು ಹೇಳಿಕೊಂಡೆ. ಮಿಚ್ಛಾಮಿ ದುಕ್ಕಡಂ ಎಂದು ವರ್ಷವರ್ಷವೂ ಎಲ್ಲರೊಡನೆ ಅವನಿಗೂ ಹೇಳುತ್ತಿದ್ದೆ. ಯಾವ ತಪ್ಪಿಗೆಂದು ಹೇಳಿದ್ದು ಇದೇ ಮೊದಲು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕಣ್ಣಿದ್ದಾಗ ಹೇಳಿದ್ರ ಚಲೋ ಆಗ್ತಿತ್ತು” ಎಂದಷ್ಟೇ ಅಂದ. ಅದಕ್ಕೆ ಉತ್ತರವಿರಲಿಲ್ಲ. ತಡವಾಗಿ ತೀರಿಸಿದ ಸಾಲಕ್ಕೆ ಬಡ್ಡಿಯೂ ಸೇರುತ್ತದೆಂಬುದನ್ನು ವ್ಯಾಪಾರಿಯಾದ ನಾನು ತಿಳಿದಿರಬೇಕಾಗಿತ್ತು.

ಎರಡು ವಾರ ಕಳೆದ ಮೇಲೆ ದೂರವಾಣಿ ಮಾಡಿ, “ರವಿವಾರ ಬಿಡುವೈತೇನು?” ಎಂದು ಕೇಳಿದ. ಅಂದಿನಿಂದ ರವಿವಾರ ಬೆಳಿಗ್ಗೆ ಬಸದಿಯಿಂದ ನೇರವಾಗಿ ಅವನ ಮನೆಗೆ ಹೋಗುತ್ತೇನೆ. ನಾನು ಮೂಲವನ್ನು ಗಟ್ಟಿಯಾಗಿ ಓದುತ್ತೇನೆ. ಅವನು ಕಣ್ಣು ಮುಚ್ಚಿ ಕೇಳಿ ಗದ್ಯವನ್ನು ಹೇಳುತ್ತಾನೆ. ಅವನ ಮೊಮ್ಮಗಳು ಬರೆದುಕೊಳ್ಳುತ್ತಾಳೆ. ತಪ್ಪು ಕಂಡರೆ ಹೇಳುತ್ತೇನೆ, ಅವನು ವಾದಿಸುತ್ತಾನೆ, ಕೆಲವೊಮ್ಮೆ ಅವನೇ ಸರಿಯಾಗಿರುತ್ತಾನೆ. ಆರನೆಯ ಆಶ್ವಾಸ ನಡೆದಿದೆ. ಇಬ್ಬರ ವಯಸ್ಸನ್ನೂ ನೋಡಿದರೆ ಹನ್ನೆರಡು ಮುಗಿಯುವುದೋ ಇಲ್ಲವೋ ಹೇಳಲಾರೆ.

ವಾಚಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಪರಿಚಯದಲ್ಲಿಯೂ ಯಾರೋ ಒಬ್ಬರು ಅಂಗಡಿ ಮುಚ್ಚಿದ ಮೇಲೆ, ಅಡುಗೆ ಮುಗಿಸಿದ ಮೇಲೆ, ಸದ್ದಿಲ್ಲದೆ ಏನನ್ನೋ ಬರೆಯುತ್ತಿರಬಹುದು, ಕಲಿಯುತ್ತಿರಬಹುದು, ಹಾಡುತ್ತಿರಬಹುದು. ನಿಮ್ಮ ವ್ರತಗಳಲ್ಲಿ ನೀವು ಎಷ್ಟು ಬೇಕಾದರೂ ಕಟ್ಟುನಿಟ್ಟಾಗಿರಿ. ಆದರೆ ಅವರ ಪುಸ್ತಕ ನಿಮ್ಮ ಕೈಗೆ ಬಂದ ದಿನ, ತಪ್ಪಿನ ಪಟ್ಟಿಯನ್ನು ಬರೆಯುವ ಮುನ್ನ, ಕಂಡ ಒಂದು ಗುಣವನ್ನು ಹೇಳಿಬಿಡಿ. ನಾನು ಕೆಂಪು ಪೆನ್ಸಿಲನ್ನು ಬಿಸಾಡಿಲ್ಲ. ಅದು ಈಗ ಮಿತ್ರನ ಮನೆಯಲ್ಲಿದೆ. ಮುಗಿಸಿದ ಪದ್ಯದ ಸಂಖ್ಯೆಗೆ ಅವನ ಮೊಮ್ಮಗಳು ಅದರಿಂದ ಗುರುತು ಹಾಕುತ್ತಾಳೆ.