ಅಡುಗೆಮನೆಗೊಂದು ಕೊಟೇಷನ್

ಬೆಂಗಳೂರಿನಲ್ಲಿ ‘ಅಡುಗೆಮನೆ ಹೊಸದಾಗಿ ಮಾಡಿಸಬೇಕು’ ಎಂದು ಯಾರ ಮುಂದೆ ಬಾಯಿಬಿಟ್ಟರೂ ಮೊದಲು ಬರುವ ಪ್ರಶ್ನೆ, ‘ಬಜೆಟ್ ಎಷ್ಟು?’ ಅಡುಗೆ ಮಾಡುವವರು ಯಾರು, ಅವರ ಎತ್ತರ ಎಷ್ಟು, ರುಬ್ಬುವುದು ಗ್ರೈಂಡರಿನಲ್ಲೋ ಮಿಕ್ಸಿಯಲ್ಲೋ, ವರ್ಷದ ಹುಣಸೆಹಣ್ಣು ಮೆಣಸಿನಕಾಯಿ ಒಂದೇ ಸಲ ತಂದು ತುಂಬುವ ಪೈಕಿಯೋ ವಾರವಾರ ತರುವವರೋ ಎಂದು ಕೇಳಿದವರು ನನಗೆ ಸಿಗಲಿಲ್ಲ. ಬಜೆಟ್ ಕೇಳುವುದಕ್ಕೂ ಕಾರಣವಿದೆ. ಎರಡು ಲಕ್ಷ ಎಂದರೆ ಎರಡೂಕಾಲು ಲಕ್ಷದ ಅಡುಗೆಮನೆ ತಯಾರಾಗುತ್ತದೆ, ನಾಲ್ಕು ಎಂದರೆ ನಾಲ್ಕೂವರೆಯದು. ಜಾಗ ಮಾತ್ರ ಅದೇ ಎಂಟಡಿ ಹತ್ತಡಿ.

ನಮ್ಮದು ನಾಗರಬಾವಿಯಲ್ಲಿ ತೊಂಬತ್ತರ ದಶಕದ ಕೊನೆಗೆ ಅಪ್ಪ ಕಟ್ಟಿಸಿದ ಮನೆ. ಆ ಕಾಲದ ಎಷ್ಟೋ ಮನೆಗಳಲ್ಲಿದ್ದ ಹಾಗೆ ಕಟ್ಟೆಗೆ ಕಪ್ಪು ಗ್ರಾನೈಟು, ಅದರ ಕೆಳಗೆ ನಿಲ್ಲಿಸಿದ ಕಡಪ ಕಲ್ಲು, ನಡುವೆ ಅಡ್ಡಲಾಗಿ ಕಡಪದ್ದೇ ಅರೆ. ಮೊದಮೊದಲು ಬಾಗಿಲೇ ಇರಲಿಲ್ಲ; ಅಮ್ಮ ಹಳೇ ವಾಯಿಲ್ ಸೀರೆ ಹರಿದು ಪರದೆ ಕಟ್ಟಿದ್ದಳು. ಆಮೇಲೆ ಅಗ್ಗದ ಹಲಗೆಯ ಬಾಗಿಲುಗಳು ಬಂದವು. ಸಿಂಕಿನ ಕೆಳಗಿನದು ನೀರು ಕುಡಿದು ಊದಿಕೊಂಡು ಮುಚ್ಚದಾಯಿತು, ಪಕ್ಕದ್ದು ಹಿಂಜ್ ಕಿತ್ತು ಜೋತುಬಿತ್ತು. ‘ಇದನ್ನೆಲ್ಲ ಒಡೆಸಿ ಮಾಡ್ಯುಲರ್ ಮಾಡಿಸೋಣ ರೀ’ ಎಂದು ಹೆಂಡತಿ ಹೇಳಿದಾಗ ಬೇಡ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಹೂಂ ಎನ್ನಲು ದುಡ್ಡಿರಲಿಲ್ಲ. ಹಾಗಾಗಿ ಎಲ್ಲಿ ಅಗ್ಗ ಎಂದು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಹೋದದ್ದು ರಿಂಗ್ ರೋಡಿನ ಒಂದು ಶೋರೂಮಿಗೆ. ಒಳಗೆ ಹತ್ತಾರು ಅಡುಗೆಮನೆಗಳು ಸಾಲಾಗಿ ನಿಂತಿವೆ, ಒಂದರಲ್ಲೂ ಒಗ್ಗರಣೆಯ ವಾಸನೆಯಿಲ್ಲ. ಡ್ರಾಯರನ್ನು ಬೆರಳಲ್ಲಿ ತಳ್ಳಿದರೆ ಅರ್ಧ ದೂರ ಹೋಗಿ, ಏನೋ ನೆನಪಾದಂತೆ ನಿಧಾನಿಸಿ, ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಸಾಫ್ಟ್ ಕ್ಲೋಸ್ ಎನ್ನುತ್ತಾರೆ. ಸಿಟ್ಟು ಬಂದಾಗ ಪಾತ್ರೆ ಕುಕ್ಕಬಹುದು, ಡ್ರಾಯರ್ ದಢಾರನೆ ಹಾಕಲು ಮಾತ್ರ ಆಗದು ಎಂಬುದನ್ನು ನನ್ನ ಹೆಂಡತಿ ಕೂಡಲೇ ಗಮನಿಸಿದಳು. ಅಲ್ಲಿನ ಹುಡುಗಿ ಟ್ಯಾಬಿನಲ್ಲಿ ನಮ್ಮ ಅಡುಗೆಮನೆಯ ತ್ರೀಡಿ ಚಿತ್ರ ತೋರಿಸಿದಳು. ಬಿಳಿ ಬಾಗಿಲು, ಕಟ್ಟೆಯ ಮೇಲೊಂದು ಬಟ್ಟಲು ತುಂಬ ನಿಂಬೆಹಣ್ಣು, ಕಿಟಕಿಯಾಚೆ ಹಸಿರು ಬೆಟ್ಟ. ನಮ್ಮ ಕಿಟಕಿಯಾಚೆ ಇರುವುದು ಪಕ್ಕದ ಮನೆಯವರ ಬಚ್ಚಲ ಗೋಡೆ. ಚಿತ್ರದಲ್ಲಿ ಕುಕ್ಕರ್ ಇರಲಿಲ್ಲ, ಗ್ರೈಂಡರ್ ಇರಲಿಲ್ಲ, ಹಾಲಿನ ಪಾತ್ರೆಯೂ ಇರಲಿಲ್ಲ.

ಹೆಂಡತಿ ಅಲ್ಲೇ ಒಂದು ಕಟ್ಟೆಯ ಮುಂದೆ ನಿಂತು, ಲಟ್ಟಣಿಗೆ ಹಿಡಿದವಳಂತೆ ಎರಡೂ ಕೈ ಆಡಿಸಿ ನೋಡಿದಳು. ಹುಡುಗಿ ‘ಏನ್ಮಾಡ್ತಿದೀರಾ ಮೇಡಂ?’ ಎಂದಳು. ‘ಚಪಾತಿ ಲಟ್ಟಿಸ್ತಿದೀನಿ. ಇಷ್ಟು ಎತ್ತರಕ್ಕೆ ಭುಜ ಎತ್ತಬೇಕಾಗತ್ತೆ.’ ಅವರದು ಮೂವತ್ನಾಲ್ಕು ಇಂಚಿನ ಮಾಮೂಲಿ ಅಳತೆ. ನಿಂತವರ ಮೊಣಕೈಗಿಂತ ನಾಲ್ಕಾರು ಇಂಚು ಕೆಳಗಿದ್ದರೆ ಕಟ್ಟೆ ಸರಿಯಾಗಿದೆ ಎಂದು ಲೆಕ್ಕ. ಬಣ್ಣ ಆರಿಸಲು ನೂರು ತುಂಡು ತೋರಿಸುವ ಅಂಗಡಿಯಲ್ಲಿ ಮೊಣಕೈ ಅಳೆಯುವ ಟೇಪು ಹೊರಗೆ ಬರಲೇ ಇಲ್ಲ.

ಕೊಟೇಷನ್ ಮೂರೂವರೆ ಲಕ್ಷ ಮುಟ್ಟಿತು. ಕೆಳಗೆ ಸಣ್ಣಕ್ಷರದಲ್ಲಿ ಬೇರೆಯೇ ಒಂದು ಅಡುಗೆಮನೆ ಇತ್ತು: ಹಳೆಯದನ್ನು ಒಡೆಯುವುದು, ಗ್ರಾನೈಟು, ಸಿಂಕು, ನಲ್ಲಿ, ಪ್ಲಂಬಿಂಗ್, ವೈರಿಂಗ್, ಚಿಮಣಿ ಎಲ್ಲ ನಮ್ಮ ಖರ್ಚು, ಮೇಲೆ ಶೇಕಡಾ 18 ಜಿಎಸ್‌ಟಿ. ಎಲ್ಲಕ್ಕಿಂತ ನನಗೆ ನಾಟಿದ್ದು ಹಣ ಕಟ್ಟುವ ಕ್ರಮ. ಮೊದಲು ಬುಕಿಂಗ್, ಆಮೇಲೆ ಅರ್ಧಕ್ಕಿಂತ ಹೆಚ್ಚು, ಉಳಿದದ್ದು ಮಾಲು ಫ್ಯಾಕ್ಟರಿ ಬಿಡುವ ಮೊದಲು. ಅಂದರೆ ಬಾಗಿಲು ನಮ್ಮ ಗೋಡೆಗೆ ಕೂರುವ ಹೊತ್ತಿಗೆ ನಮ್ಮ ಕೈಯಲ್ಲಿ ಒಂದು ರೂಪಾಯಿಯೂ ಉಳಿದಿರುವುದಿಲ್ಲ.

ಇಷ್ಟು ದುಬಾರಿಯಾಗಿರುವ ಈ ಪದಾರ್ಥ ಹುಟ್ಟಿದ್ದು ಮಾತ್ರ ಅಗ್ಗದ ಮನೆಗಳಲ್ಲಿ. ಮೊದಲ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಮನೆಗಳಿಗೆ ಬರಗಾಲ ಬಂದಾಗ ಫ್ರಾಂಕ್‌ಫರ್ಟ್ ನಗರ ಸಾವಿರಾರು ಸಣ್ಣ ಮನೆಗಳನ್ನು ಕಟ್ಟಿಸತೊಡಗಿತು. ಅವಕ್ಕೆ 1926ರಲ್ಲಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್‌ಕಿ ಎಂಬ ವಿಯೆನ್ನಾದ ವಾಸ್ತುಶಿಲ್ಪಿ ಒಂದು ಅಡುಗೆಮನೆ ವಿನ್ಯಾಸ ಮಾಡಿದಳು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಹೆಚ್ಚಿನ ಮನೆಗಳಿಗೆ ಒಂದೇ ಅಳತೆ, ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಿಸಿ ತಂದು ಕೂರಿಸುವುದು. ಹಾಗೆ ಹತ್ತು ಸಾವಿರದಷ್ಟು ಮಾಡಿದರು. ಅಕ್ಕಿ, ಸಕ್ಕರೆಯಂಥವಕ್ಕೆ ಹಿಡಿಕೆ ಇರುವ ಅಲ್ಯೂಮಿನಿಯಂ ಡಬ್ಬಗಳು, ಹುಳ ಹಿಡಿಯದಿರಲಿ ಎಂದು ಹಿಟ್ಟಿಗೆ ಓಕ್ ಮರದ್ದು, ಕಿಟಕಿಯ ಬೆಳಕಿಗೆ ಕೂತು ತರಕಾರಿ ಹೆಚ್ಚಲು ಒಂದು ತಿರುಗುವ ಸ್ಟೂಲು. ಹೆಣ್ಣುಮಗಳು, ಹಾಗಾಗಿ ಅಡುಗೆ ಮಾಡಿ ಮಾಡಿ ಅನುಭವದಿಂದ ಕಲ್ಪಿಸಿದ್ದಾಳೆ ಎಂದು ಜನ ತಿಳಿದರು. ಅದಕ್ಕೂ ಮೊದಲು ತಾನು ಅಡುಗೆಯನ್ನೇ ಮಾಡಿರಲಿಲ್ಲ ಎಂದು ಆಕೆ ಮುಂದೆ ಹೇಳಿದಳು. ಅಡುಗೆ ಮಾಡದಿದ್ದರೂ ಹಿಟ್ಟಿನ ಹುಳುವಿನ ಬಗ್ಗೆ ಯೋಚಿಸಿದ್ದಳಲ್ಲ, ಅಷ್ಟು ಸಾಕು. ಒಂದೇ ಅಳತೆಯದನ್ನು ಸಾವಿರಗಟ್ಟಲೆ ಮಾಡಿದ್ದರಿಂದ ಅಲ್ಲಿ ಅಗ್ಗವಾಯಿತು. ನಮ್ಮಲ್ಲಿ ಒಂದೊಂದು ಮನೆಗೆ ಒಂದೊಂದು ಅಳತೆ, ಒಂದೊಂದು ಬಣ್ಣ, ಜೊತೆಗೆ ಜಾಹೀರಾತು, ಶೋರೂಮಿನ ಬಾಡಿಗೆ. ಅಗ್ಗ ಎಲ್ಲಿಂದ ಬರಬೇಕು?

ಒಂದೇ ಅಳತೆಯ ಆ ತರ್ಕವನ್ನು ಕಾಣಬೇಕಾದರೆ ನಾಗಸಂದ್ರದ ಐಕಿಯಾಗೆ ಹೋಗಬೇಕು. 2022ರ ಜೂನ್‌ನಲ್ಲಿ ಶುರುವಾದ ಅಂಗಡಿ, ಮೆಟ್ರೊ ಇಳಿದರೆ ಎದುರಿಗೇ ಇದೆ. ನನಗೆ ಹಿಡಿಸಿದ್ದು ಒಂದೊಂದು ವಸ್ತುವಿನ ಮೇಲೂ ಬೆಲೆ ಅಂಟಿಸಿರುವುದು. ಡಬ್ಬಿಗೆ ಇಷ್ಟು, ಬಾಗಿಲಿಗೆ ಇಷ್ಟು, ಹಿಂಜಿಗೆ ಇಷ್ಟು. ಪೆನ್ಸಿಲ್ ಹಿಡಿದು ನೀವೇ ಕೂಡಿಸಬಹುದು. ಖಾಲಿ ಫ್ಲ್ಯಾಟು, ನೆಟ್ಟಗಿರುವ ಗೋಡೆ, ಇನ್ನೂ ಕಟ್ಟೆ ಹಾಕದ ಅಡುಗೆಮನೆ ಇದ್ದವರು ಬೇರೆಡೆಗೆ ಹೋಗುವ ಮೊದಲು ಅಲ್ಲೊಮ್ಮೆ ಲೆಕ್ಕ ಹಾಕಿ ನೋಡುವುದು ವಾಸಿ. ನಮ್ಮ ಮನೆಯಲ್ಲಿ ಮೂಲೆಗೊಂದು ಪಿಲ್ಲರ್ ಮೂಗು ಚಾಚಿದೆ, ಗೋಡೆ ಮೇಲಕ್ಕೆ ಹೋದ ಹಾಗೆ ಒಳಕ್ಕೆ ವಾಲಿದೆ. ಅಪ್ಪ ಮೇಸ್ತ್ರಿಯ ಜೊತೆ ಜಗಳ ಆಡಿದ್ದು ಈ ಗೋಡೆಗೇ ಇರಬೇಕು. ಅಂಥಲ್ಲಿ ಕಾರ್ಖಾನೆಯ ಡಬ್ಬಿ ಕೂರುವುದಿಲ್ಲ.

ಉಳಿದದ್ದು ಪೇಟೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ಪ್ಲೈವುಡ್, ಮೈಕಾ ಅಂಗಡಿಗಳದೇ ಸಾಲು. ಕಿವಿಗೆ ಗರಗಸದ ಸದ್ದು, ಮೂಗಿಗೆ ಮರದ ಹೊಟ್ಟು, ಬಾಗಿಲಲ್ಲಿ ಎಂಟು ಬೈ ನಾಲ್ಕರ ಹಲಗೆ ಹೊತ್ತ ಆಟೊಗಳು. ಅಲ್ಲಿ ಎಲ್ಲರ ಬಾಯಲ್ಲೂ ‘ಸೆವೆನ್ ಟೆನ್’. ಐಎಸ್ 710 ಎಂದರೆ ನೀರಿಗೆ ಜಗ್ಗದ ಮರೀನ್ ಪ್ಲೈ. ಅದರ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದು. ಮಾಮೂಲಿ ಪ್ಲೈಗೆ ಇರುವುದು ಐಎಸ್ 303. ಹಲಗೆಯ ಮೇಲೆ 710 ಎಂದು ಅಚ್ಚೊತ್ತಲು ಒಂದು ರಬ್ಬರ್ ಸ್ಟ್ಯಾಂಪು ಸಾಕು, ಆದ್ದರಿಂದ ಅದಷ್ಟನ್ನೇ ನಂಬಬಾರದು. ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹೊಡೆದರೆ ಯಾವ ಕಂಪನಿಯದು, ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ನಾನು ಫೋನ್ ತೆಗೆದದ್ದೇ ತಡ, ಒಂದು ಅಂಗಡಿಯವನು ‘ಸರ್, ಆ ಮಾಲ್ ಬೇಡ, ಒಳಗಡೆ ಬೇರೆ ಇದೆ’ ಎಂದು ಇನ್ನೊಂದು ಹಲಗೆ ಎಳೆದ.

ಸ್ಟೀಲಿನ ಬಾಸ್ಕೆಟ್ಟು, ಹಿಂಜು, ಚಾನೆಲ್ ಕೊಳ್ಳುವಾಗ ನಮ್ಮಂಥವರು ಮ್ಯಾಗ್ನೆಟ್ ಜೇಬಿಗೆ ಹಾಕಿಕೊಂಡು ಹೋಗುತ್ತೇವೆ. ಅಂಟದಿದ್ದರೆ ಒಳ್ಳೆಯ ಸ್ಟೀಲು ಎಂಬ ನಂಬಿಕೆ. ತುಕ್ಕಿಗೆ ಜಗ್ಗದ 304 ಗ್ರೇಡಿನ ಸ್ಟೀಲು ಅಂಟುವುದಿಲ್ಲ ನಿಜ. ಆದರೆ ಅಗ್ಗದ 202 ಕೂಡ ಸಾಮಾನ್ಯವಾಗಿ ಅಂಟುವುದಿಲ್ಲ. ವಯಸ್ಸಾದ ಒಬ್ಬ ಹಾರ್ಡ್‌ವೇರ್ ವ್ಯಾಪಾರಿ ನನ್ನ ಮ್ಯಾಗ್ನೆಟ್ ನೋಡಿ ನಕ್ಕು, ಗಲ್ಲಾದ ಕೆಳಗಿಂದ ಒಂದು ಪುಟ್ಟ ಸೀಸೆ, ಒಂದು ಚೌಕದ ಬ್ಯಾಟರಿ ತೆಗೆದರು. ಎರಡು ಬಾಸ್ಕೆಟ್ ಪಕ್ಕಪಕ್ಕ ಇಟ್ಟು ಒಂದೊಂದರ ತಂತಿಯ ಮೇಲೆ ಒಂದೊಂದು ಹನಿ ಬಿಟ್ಟು ಬ್ಯಾಟರಿ ತಾಗಿಸಿದರು. ಒಂದರ ಹನಿ ಕುಂಕುಮದ ನೀರಿನ ಹಾಗೆ ಕೆಂಪಾಯಿತು. ‘ಇದು 202. ಮ್ಯಾಂಗನೀಸ್ ಜಾಸ್ತಿ. ಸಿಂಕ್ ಪಕ್ಕ ಇಟ್ರೆ ಬೇಗ ಕಲೆ ಬರತ್ತೆ.’ ಕಣ್ಣಿಗೆ ಎರಡೂ ಒಂದೇ ಹೊಳಪು. ಬೆಲೆಯಲ್ಲಿ ಮಾತ್ರ ದೊಡ್ಡ ಅಂತರ. ಕೊಟೇಷನ್‌ಗಳಲ್ಲಿ ‘ಎಸ್ಎಸ್ ಬಾಸ್ಕೆಟ್’ ಎಂದಷ್ಟೇ ಬರೆದು ನಂಬರ್ ಬಿಡುವುದು ಯಾಕೆ ಎಂದು ಆಗ ಹೊಳೆಯಿತು.

ಕಾರ್ಪೆಂಟರ್ ಸಿಕ್ಕಿದ್ದು ಸುಂಕದಕಟ್ಟೆಯ ಕಡೆ. ಒಂದು ಶೀಟ್ ಶೆಡ್ಡು, ಒಳಗೆ ಹಲಗೆ ಕೊಯ್ಯುವ ಪ್ಯಾನೆಲ್ ಸಾ, ಅಂಚಿಗೆ ಪಟ್ಟಿ ಬಿಸಿಮಾಡಿ ಅಂಟಿಸುವ ಎಡ್ಜ್ ಬ್ಯಾಂಡಿಂಗ್ ಯಂತ್ರ. ದೊಡ್ಡ ಕಂಪನಿಗಳಿಗೂ ಮಾಲು ಇಂಥ ಶೆಡ್ಡುಗಳಿಂದಲೇ ಹೋಗುವುದುಂಟು. ಆಚಾರ್ರು ಮನೆಗೆ ಬಂದರು. ಟೇಪು ತೆಗೆಯುವ ಮೊದಲು ಕುಕ್ಕರಗಾಲಲ್ಲಿ ಕೂತು, ಕಟ್ಟೆಯ ಕೆಳಗೆ ಕೈ ಹಾಕಿ ಕಡಪ ಕಲ್ಲನ್ನು ಗೆಣ್ಣಿನಿಂದ ತಟ್ಟಿದರು.

‘ಇದನ್ಯಾಕೆ ಒಡೀತೀರಾ ಸರ್? ನಾನು ಹೊಸದಾಗಿ ಪ್ಲೈನಲ್ಲಿ ಡಬ್ಬಿ ಮಾಡಿದ್ರೂ ಇಷ್ಟು ಗಟ್ಟಿ ಬರಲ್ಲ. ಇದಕ್ಕೆ ಗೆದ್ದಲು ಹತ್ತಲ್ಲ, ನೀರು ನಿಂತ್ರೂ ಊದಲ್ಲ.’

‘ನೋಡಕ್ಕೆ ಚೆನ್ನಾಗಿರಲ್ವಲ್ಲ ಆಚಾರ್ರೇ’ ಎಂದಳು ಹೆಂಡತಿ.

‘ಬಾಗಿಲು ಮುಚ್ಚಿದ್ಮೇಲೆ ಒಳಗಡೆ ಯಾರು ನೋಡ್ತಾರಕ್ಕ?’

ಶೋರೂಮಿನವರು ಮುಚ್ಚಿಟ್ಟಿದ್ದ ಲೆಕ್ಕವೆಲ್ಲ ಈ ಮಾತಿನಲ್ಲಿತ್ತು. ನಾವು ಆರಿಸುವುದು ಬಾಗಿಲಿನ ಬಣ್ಣ. ಹಲಗೆ ಹೆಚ್ಚು ತಿನ್ನುವುದು ಹಿಂದಿನ ಡಬ್ಬಿ. ಬಾಗಿಲಿಗೆ ಒಂದು ಹಲಗೆಯಾದರೆ ಡಬ್ಬಿಗೆ ಎರಡು ಪಕ್ಕ, ಅಡಿ, ಬೆನ್ನು, ನಡುವೆ ಅರೆ. ಕಲ್ಲು ಈಗಾಗಲೇ ಇರುವವರು ಅದನ್ನು ಒಡೆಸಲು ಒಮ್ಮೆ, ಅವಶೇಷ ಸಾಗಿಸಲು ಒಮ್ಮೆ, ಅದೇ ಜಾಗದಲ್ಲಿ ನೀರಿಗೆ ಹೆದರುವ ಹಲಗೆ ನಿಲ್ಲಿಸಲು ಮತ್ತೊಮ್ಮೆ ದುಡ್ಡು ಕೊಡುತ್ತಾರೆ. ನಗರದಲ್ಲಿ ದಿನವೂ ನಡೆಯುವ ದಡ್ಡತನ ಇದು. ಹೊಸ ಫ್ಲ್ಯಾಟಿನವರೂ ಸಿಂಕಿನ ಕೆಳಗಿನ ಒಂದು ಗೂಡನ್ನಾದರೂ ಕಲ್ಲಿನಲ್ಲಿ ಮಾಡಿಸಿಕೊಂಡರೆ ಕೆಟ್ಟದೇನಿಲ್ಲ.

ಕಲ್ಲಿಗೂ ಅದರದೇ ತಂಟೆ ಇದೆ. ಗೂಡುಗಳು ಒಂದೇ ಅಗಲ ಇರುವುದಿಲ್ಲ. ಒಂದೊಂದು ಬಾಗಿಲಿಗೂ ಬೇರೆ ಅಳತೆ ತೆಗೆಯಬೇಕು, ಮುಂದೆ ಒಂದು ಚೌಕಟ್ಟು ಕೂರಿಸಿ ಅದಕ್ಕೆ ಹಿಂಜ್ ಹಾಕಬೇಕು. ಕಲ್ಲಿಗೆ ನೇರವಾಗಿ ಸ್ಕ್ರೂ ಹಿಡಿಯದು, ಹಾಗಾಗಿ ಎಲ್ಲೆಂದರಲ್ಲಿ ಡ್ರಾಯರ್ ಬರುವುದಿಲ್ಲ. ನಾವು ಒಲೆಯ ಪಕ್ಕದ ಒಂದೇ ಗೂಡಿನಲ್ಲಿ ಮರೀನ್ ಪ್ಲೈ ಡಬ್ಬಿ ಇಡಿಸಿ ಮೂರು ಡ್ರಾಯರ್ ಮಾಡಿಸಿದೆವು: ಚಮಚ ಸೌಟಿಗೊಂದು, ಮಸಾಲೆಗೊಂದು, ತಟ್ಟೆ ಲೋಟಕ್ಕೊಂದು. ಅದರ ಚಾನೆಲ್ಲಿಗೆ ಮಾತ್ರ ಕೈಬಿಚ್ಚಿ ಖರ್ಚು ಮಾಡಿದೆವು, ಏಕೆಂದರೆ ದಿನಕ್ಕೆ ಐವತ್ತು ಸಲ ಎಳೆಯುವುದು ಅದನ್ನೇ. ಸಿಲಿಂಡರ್ ಗೂಡಿನ ಬಾಗಿಲಿಗೆ ಕೆಳಭಾಗದಲ್ಲಿ ಗಾಳಿಕಂಡಿ ಬಿಡಿಸಿದೆವು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಚೆಂದಕ್ಕೆಂದು ಎಲ್ಲ ಕಡೆ ಬಿಗಿಯಾಗಿ ಮುಚ್ಚಿಸುವವರು ಇದನ್ನು ಮರೆಯುತ್ತಾರೆ. ಗೋಡೆಯ ಮೇಲಿನ ಕಪಾಟುಗಳನ್ನು ಹೊಸದಾಗಿ ಮಾಡಿಸಿದ್ದೂ ಸೇರಿ, ಚಿಮಣಿ ಬಿಟ್ಟು, ಖರ್ಚು ಒಂದೂಕಾಲು ಲಕ್ಷದ ಆಸುಪಾಸಿಗೆ ನಿಂತಿತು.

ಹಾಗೆಂದು ಎಲ್ಲರೂ ಪೇಟೆ ಸುತ್ತಿ ಆಚಾರ್ರನ್ನು ಹಿಡಿಯಿರಿ ಎನ್ನಲಾರೆ. ನಮ್ಮ ಆಚಾರ್ರು ನಡುವೆ ಊರಹಬ್ಬಕ್ಕೆಂದು ಹೋದವರು ಫೋನ್ ಎತ್ತಲಿಲ್ಲ. ಹಾಲಿನಲ್ಲಿ ಗ್ಯಾಸ್ ಒಲೆ, ಊಟದ ಮೇಜಿನ ಮೇಲೆ ಮಿಕ್ಸಿ, ಮಂಚದ ಕೆಳಗೆ ಬೇಳೆ ಡಬ್ಬ. ಮನೆಗೆ ಬಂದ ನಾದಿನಿ ‘ಮನೆ ಖಾಲಿ ಮಾಡ್ತಿದೀರಾ ಭಾವ?’ ಎಂದು ಕೇಳಿದಳು. ಅವಳು ವೈಟ್‌ಫೀಲ್ಡಿನ ಫ್ಲ್ಯಾಟಿಗೆ ಕಂಪನಿಯವರಿಂದಲೇ ಮಾಡಿಸಿದ್ದು, ನಮಗಿಂತ ದುಪ್ಪಟ್ಟು ಕೊಟ್ಟಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೋದರೆ ರಾತ್ರಿ ಬರುವವರು. ಹಲಗೆಯ ನಂಬರ್ ನೋಡಲು, ಎದುರು ನಿಂತು ಕೆಲಸ ಮಾಡಿಸಲು ಅವರಿಗೆ ಪುರುಸೊತ್ತಿಲ್ಲ. ಆ ಹೆಚ್ಚಿನ ದುಡ್ಡು ಪುರುಸೊತ್ತಿನ ಬೆಲೆ, ಅವರ ಮಟ್ಟಿಗೆ ಅದು ದಂಡವಲ್ಲ. ಪುರುಸೊತ್ತಿದ್ದೂ ಕೊಡುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಎಲ್ಲೇ ಮಾಡಿಸಿ, ಕೊಟೇಷನ್ನಿನಲ್ಲಿ ಪ್ಲೈ ಯಾವ ಐಎಸ್ ನಂಬರಿನದು, ಸ್ಟೀಲು ಯಾವ ಗ್ರೇಡು, ಹಿಂಜ್ ಯಾವ ಕಂಪನಿಯದು ಎಂದು ಬರೆಸಿಕೊಳ್ಳಿ. ಬರೆಯಲು ಒಪ್ಪದ ಕಡೆ ಅಡ್ವಾನ್ಸ್ ಕೊಡಬೇಡಿ. ಕೊನೆಯ ಕಂತು ಒಂದಿಷ್ಟಾದರೂ ಕೈಯಲ್ಲಿ ಉಳಿಸಿಕೊಳ್ಳಿ. ಖಾಲಿ ಡ್ರಾಯರ್ ಎಲ್ಲರ ಮನೆಯಲ್ಲೂ ನುಣ್ಣಗೆ ಓಡುತ್ತದೆ. ಅದಕ್ಕೆ ಸ್ಟೀಲ್ ತಟ್ಟೆ ಲೋಟ ಎಲ್ಲ ತುಂಬಿ, ಒಂದು ವಾರ ಎಳೆದು ನೂಕಿ ನೋಡಿದ ಮೇಲೆ ಆ ಹಣ ಕೊಡಿ.