ಅಮ್ಮ ಬಿಟ್ಟುಹೋದ ಬೆಳ್ಳುಳ್ಳಿ ಬಾಟಲಿ

ಹೆಚ್ಚಿದ ಬೆಳ್ಳುಳ್ಳಿಯ ಬಾಟಲಿಯೊಂದು ನಿಮ್ಮ ಮನೆಯ ಫ್ರಿಜ್ಜಿನಲ್ಲೂ ಇರಬಹುದು. ನಮ್ಮಲ್ಲಂತೂ ಸದಾ ಇರುತ್ತಿತ್ತು. ಕೆಲಸ ಮುಗಿಸಿ, ಮಗಳನ್ನು ಕರೆದುಕೊಂಡು ಬಂದು, ಆರೂವರೆಗೆ ಅನ್ನ ಸಾರು ಆಗಬೇಕು ಅನ್ನುವ ಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕೂರುವವರು ಯಾರು? ಒಂದು ಚಮಚ ತೆಗೆದು ಒಗ್ಗರಣೆಗೆ ಹಾಕಿದರೆ ಆಯಿತು. ಅದು ತಪ್ಪು ಅಂತ ಹೇಳುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಯಾವ ಬೆಳ್ಳುಳ್ಳಿ ಯಾವುದಕ್ಕೆ ಅನ್ನುವುದು ನನಗೆ ತಡವಾಗಿ ತಿಳಿಯಿತು. ನಿಮಗೆ ಬೇಗ ತಿಳಿಯಲಿ ಅಂತ ಅಷ್ಟೇ.

ಹೋದ ವರ್ಷ ಅಮ್ಮ ಮಂಡ್ಯದಿಂದ ಬಂದು, ವ್ಯಾಂಕೂವರ್ ಪಕ್ಕದ ಬರ್ನಬಿಯಲ್ಲಿರುವ ನಮ್ಮ ಮನೆಯಲ್ಲಿ ಐದು ತಿಂಗಳು ಇದ್ದರು. ಬಂದ ವಾರವೇ ಉಪ್ಸಾರು. ಉಪ್ಸಾರಿಗೆ ಖಾರ ಬೇಕು, ಖಾರಕ್ಕೆ ಹಸಿ ಬೆಳ್ಳುಳ್ಳಿ ಬೇಕು. "ಪುಟ್ಟಿ, ಬೆಳ್ಳುಳ್ಳಿ ತಗೊಂಬಾ" ಅಂದರು. ಆರು ವರ್ಷದ ಮಗಳು ಓಡಿಹೋಗಿ ಬಾಟಲಿ ತಂದಳು. "ಇದಲ್ಲ ಕಣೇ, ಗಡ್ಡೆ" ಅಂದರೆ, ಅವಳು ತಿರುಗಿ ಅವರಪ್ಪನ ಗಡ್ಡ ನೋಡಿದಳು!

ನಾವೆಲ್ಲ ನಕ್ಕೆವು. ರಾತ್ರಿ ಮಲಗಿದಾಗ ಮಾತ್ರ ಅದು ನನ್ನನ್ನು ಕೊರೆಯಿತು. ಮಗಳಿಗೆ ಕನ್ನಡ ಬರಲಿ ಅಂತ ನಾನು ಬಣ್ಣದ ಕಾರ್ಡು ಮಾಡಿದ್ದೇನೆ, ಭಾನುವಾರದ ಕನ್ನಡ ತರಗತಿಗೆ ಕರೆದುಕೊಂಡು ಹೋಗುತ್ತೇನೆ. ಆನೆ, ಒಂಟೆ, ಋಷಿ ಎಲ್ಲ ಅವಳಿಗೆ ಗೊತ್ತು. ದಿನಾ ತಿನ್ನುವ ಬೆಳ್ಳುಳ್ಳಿಯ ಗಡ್ಡೆ ಗೊತ್ತಿಲ್ಲ, ಎಸಳು ಗೊತ್ತಿಲ್ಲ. ಬಾಟಲಿಯಲ್ಲಿ ಎಸಳು ಇರುವುದಿಲ್ಲವಲ್ಲ, ಹೇಗೆ ಗೊತ್ತಾಗಬೇಕು?

ಆಮೇಲಿನ ದಿನಗಳಲ್ಲಿ ಅಜ್ಜಿ ಮೊಮ್ಮಗಳು ಸಂಜೆ ನೆಲದ ಮೇಲೆ ಪೇಪರ್ ಹಾಸಿಕೊಂಡು ಕೂರತೊಡಗಿದರು. ಗಡ್ಡೆ ಒಡೆ, ಎಸಳು ಬಿಡಿಸು, ಸಿಪ್ಪೆ ಸುಲಿ, ಕುಟ್ಟಾಣಿಗೆ ಹಾಕು, ಜಜ್ಜು. ಹೆಚ್ಚುವುದು ಬೇರೆ, ಜಜ್ಜುವುದು ಬೇರೆ, ಅರೆಯುವುದು ಬೇರೆ ಅಂತ ಅವಳಿಗೆ ಯಾರೂ ಪಾಠ ಮಾಡಲಿಲ್ಲ. ಕೈಗೆ ಬಂತು, ಬಾಯಿಗೂ ಬಂತು.

ಈ ಮೂರು ಮಾತುಗಳ ವ್ಯತ್ಯಾಸ ರಸಾಯನಶಾಸ್ತ್ರದಲ್ಲೂ ಇದೆ. ಇಡೀ ಎಸಳಿಗೆ ಘಾಟು ಇರುವುದಿಲ್ಲ. ಅದರ ಜೀವಕೋಶದಲ್ಲಿ ಅಲಿಯಿನ್ ಅನ್ನುವ ಪದಾರ್ಥ ಒಂದು ಕಡೆ, ಅಲಿಯಿನೇಸ್ ಅನ್ನುವ ಕಿಣ್ವ ಇನ್ನೊಂದು ಕಡೆ ಇರುತ್ತದೆ. ಕೋಶ ಒಡೆದಾಗ ಎರಡೂ ಸೇರಿ ಅಲಿಸಿನ್ ಹುಟ್ಟುತ್ತದೆ. ಮೂಗಿಗೆ ಹೊಡೆಯುವ ಘಾಟು ಅದರದ್ದು. ಹೆಚ್ಚಿದರೆ ಸ್ವಲ್ಪ ಕೋಶ ಒಡೆಯುತ್ತದೆ, ಜಜ್ಜಿದರೆ ಹೆಚ್ಚು, ಅರೆದರೆ ಇನ್ನೂ ಹೆಚ್ಚು. ಶಾಖ ತಗುಲಿದರೆ ಕಿಣ್ವ ಸಾಯುತ್ತದೆ. ಆದ್ದರಿಂದ ಜಜ್ಜಿ ಹತ್ತು ನಿಮಿಷ ಬಿಟ್ಟು ಒಗ್ಗರಣೆಗೆ ಹಾಕಿದರೆ ರುಚಿ ಗಟ್ಟಿ. ಇಡೀ ಎಸಳನ್ನೇ ಸಾರಿನಲ್ಲಿ ಬೇಯಿಸಿದರೆ ಮೆತ್ತಗೆ, ಸಿಹಿ. ಮಕ್ಕಳು ಎರಡನೆಯದನ್ನು ಬೇಗ ತಿನ್ನುತ್ತಾರೆ.

ಇನ್ನು ಅಮ್ಮನ ಬಾಟಲಿಯ ವಿಷಯ. ಊರಿಗೆ ಹೊರಡುವ ಮುಂಚೆ ಅಮ್ಮ ಎರಡು ಸಂಜೆ ಕೂತು ರಾಶಿ ಬೆಳ್ಳುಳ್ಳಿ ಬಿಡಿಸಿ, ಜಜ್ಜಿ, ಬಾಟಲಿಗೆ ತುಂಬಿ, ಮುಳುಗುವಷ್ಟು ಕಡ್ಲೇಕಾಯಿ ಎಣ್ಣೆ ಹಾಕಿ ಒಲೆ ಪಕ್ಕ ಇಟ್ಟಿದ್ದರು. ಏರ್‌ಪೋರ್ಟಿನಲ್ಲಿ ಹೇಳಿದರು: "ಎಣ್ಣೇಲಿ ಹಾಕಿದೀನಿ, ಕೆಡಲ್ಲ. ನಿಂಗೆ ಟೈಮ್ ಎಲ್ಲಿರುತ್ತೆ." ನಾವು ಬಳಸಿದೆವು. ಒಂಬತ್ತನೇ ದಿನ ಚಮಚ ಅದ್ದುವಾಗ ನನ್ನ ಕೈ ನಿಂತಿತು. ದಿನವಿಡೀ ಪ್ರಯೋಗಾಲಯದಲ್ಲಿ ಇರುವವಳಿಗೆ ಒಂಬತ್ತು ದಿನ ಬೇಕಾಯಿತು.

ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣಿನಲ್ಲಿ ಇರುತ್ತವೆ. ಬೆಳ್ಳುಳ್ಳಿ ಬೆಳೆಯುವುದೂ ಮಣ್ಣಿನಲ್ಲೇ. ಗಾಳಿ ಇರುವ ಕಡೆ ಅವು ಸುಮ್ಮನಿರುತ್ತವೆ. ಎಣ್ಣೆಯೊಳಗೆ ಗಾಳಿ ಇಲ್ಲ, ಬೆಳ್ಳುಳ್ಳಿಗೆ ಹುಳಿ ಇಲ್ಲ, ಒಲೆ ಪಕ್ಕ ಬೆಚ್ಚಗಿದೆ. ಅಲ್ಲಿ ಮೊಳೆತು ವಿಷ ಮಾಡುತ್ತವೆ. ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗದೇ ಇರಬಹುದು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬೇಡಿ ಅಂತ ನಿಮಗೆ ಡಾಕ್ಟರು ಹೇಳಿದ್ದು ನೆನಪಿದೆಯೇ? ಅದೂ ಇದೇ ಬ್ಯಾಕ್ಟೀರಿಯಾಕ್ಕೆ ಹೆದರಿ. 1985ರಲ್ಲಿ ಇದೇ ವ್ಯಾಂಕೂವರಿನ ಒಂದು ಹೋಟೆಲಿನಲ್ಲಿ ಊಟ ಮಾಡಿದ 36 ಜನರಿಗೆ ಬಾಟ್ಯುಲಿಸಂ ಬಂತು. ಕಾರಣ, ಫ್ರಿಜ್ಜಿನಲ್ಲಿ ಇಡದೆ ಹೊರಗಿಟ್ಟ, ಸೋಯಾ ಎಣ್ಣೆಯಲ್ಲಿದ್ದ ಹೆಚ್ಚಿದ ಬೆಳ್ಳುಳ್ಳಿ. 1989ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮತ್ತೆ ಮೂವರಿಗೆ ಹೀಗೇ ಆದಮೇಲೆ, ಎಣ್ಣೆಯಲ್ಲಿಟ್ಟು ಮಾರುವ ಬೆಳ್ಳುಳ್ಳಿಗೆ ಆಮ್ಲ ಸೇರಿಸಲೇಬೇಕು ಅಂತ ಅಮೆರಿಕದಲ್ಲಿ ಕಡ್ಡಾಯವಾಯಿತು.

ರುಚಿ ನೋಡದೆ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಾಡಿದೆ. ಡಾಕ್ಟರಿಗೆ ಫೋನ್ ಮಾಡಿದೆ. ರೆಪ್ಪೆ ಜೋತುಬೀಳುವುದು, ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಬನ್ನಿ ಅಂದರು. ನಮಗೆ ಏನೂ ಆಗಲಿಲ್ಲ. ಆದರೆ ಆ ಹತ್ತು ದಿನ ಮಗಳಿಗೆ ನಿದ್ದೆ ಬಂದು ಕಣ್ಣು ಭಾರವಾದರೂ ನನ್ನ ಎದೆ ಧಸಕ್ ಅನ್ನುತ್ತಿತ್ತು.

ಅಮ್ಮನಿಗೆ ಹೇಳಬೇಕೋ ಬೇಡವೋ ಅಂತ ಮೂರು ದಿನ ಒದ್ದಾಡಿದೆ. ಬಾಟಲಿ ಖಾಲಿ ಆಯ್ತು ಅಂತ ಸುಳ್ಳು ಹೇಳಿದರೆ ಸುಲಭ. ಆದರೆ ಮುಂದಿನ ಸಲ ಬಂದಾಗ ಮತ್ತೆ ಹಾಕಿಡುತ್ತಾರೆ. ವಿಡಿಯೊ ಕಾಲ್‌ನಲ್ಲಿ ಹೇಳಿಯೇಬಿಟ್ಟೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: "ಉಪ್ಪಿನಕಾಯಿ ವರ್ಷ ಇರುತ್ತಲ್ಲ, ಅದ್ಯಾಕೆ ಕೆಡಲ್ಲ?" ಒಳ್ಳೆಯ ಪ್ರಶ್ನೆ. ಬೆಳ್ಳುಳ್ಳಿ ಉಪ್ಪಿನಕಾಯಿಯಲ್ಲಿ ನಿಂಬೆಹುಳಿ, ಬೇಕಾದಷ್ಟು ಉಪ್ಪು ಇರುತ್ತದೆ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಆ ಬೀಜಕ ಮೊಳೆಯುವುದಿಲ್ಲ. ಕಾಪಾಡುವುದು ಹುಳಿ ಮತ್ತು ಉಪ್ಪು, ಎಣ್ಣೆಯಲ್ಲ. "ನೀನು ಪಿಎಚ್‌ಡಿ ಮಾಡಿದ್ದು ಬೆಳ್ಳುಳ್ಳಿ ಮೇಲೇನೇ?" ಅಂದರು. ಕೋಪ ಇಳಿದಿತ್ತು.

ಊರಿನಲ್ಲಿ ಹೀಗೆ ಎಣ್ಣೆಯಲ್ಲಿ ಹಾಕಿಡುತ್ತಿದ್ದೆಯಾ ಅಂತ ಕೇಳಿದೆ. "ಅಲ್ಲಿ ಯಾಕೆ ಇಡ್ಲಿ? ದಿನಾ ನಾನೇ ಬಿಡಿಸ್ತಿದ್ದೆ. ಅಲ್ಲಿ ನಾನಿರಲ್ಲ ಅಂತ ಹಾಕಿಟ್ಟೆ" ಅಂದರು. ಅದು ನಮ್ಮ ಮನೆಯ ಹಳೇ ಪದ್ಧತಿ ಅಂದುಕೊಂಡು ನಾನು ಬಳಸಿದ್ದೆ. ಅದು ಪದ್ಧತಿಯೇ ಅಲ್ಲ. ನನ್ನ ಅವಸರ ನೋಡಿ ಅಮ್ಮ ಹೊಸದಾಗಿ ಕಂಡುಹಿಡಿದ ಉಪಾಯ.

ಈಗ ನಮ್ಮ ಲೆಕ್ಕ ಹೀಗಿದೆ. ಖಾರ, ಚಟ್ನಿ, ತಿಳಿಸಾರಿನ ಒಗ್ಗರಣೆಗೆ ಹಸಿ ಗಡ್ಡೆಯೇ. ಗಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದಮೇಲೆ ಬೇಗ ಮೊಳಕೆ ಬರುತ್ತದೆ. ಗಾಳಿಯಾಡುವ ಬುಟ್ಟಿಯಲ್ಲಿಡಿ. ವಾರದ ದಿನಗಳ ಸಾಗು, ಪಲಾವಿಗೆ ಭಾನುವಾರ ಅರೆದು ಫ್ರೀಜರಿನಲ್ಲಿ ಗಟ್ಟಿ ಮಾಡಿಟ್ಟ ತುಂಡುಗಳು. ಹಸಿಯದಕ್ಕೆ ರುಚಿಯಲ್ಲಿ ಹತ್ತಿರ ಬರುವುದು ಇದೇ. ಅಂಗಡಿಯ ಬಾಟಲಿಗೆ ಆಮ್ಲ ಹಾಕಿರುತ್ತಾರೆ, ಬಿಸಿಯನ್ನೂ ಮಾಡಿರುತ್ತಾರೆ. ಹಾಗಾಗಿ ಅದು ಕ್ಷೇಮ, ಆದರೆ ಘಾಟು ಕಡಿಮೆ, ಸಣ್ಣ ಹುಳಿ. ಟೊಮೆಟೊ ಗೊಜ್ಜಿನಲ್ಲಿ ಗೊತ್ತಾಗುವುದಿಲ್ಲ, ತುಪ್ಪದ ಒಗ್ಗರಣೆಯಲ್ಲಿ ಗೊತ್ತಾಗುತ್ತದೆ. ತೆರೆದಮೇಲೆ ಫ್ರಿಜ್ಜಿನಲ್ಲೇ ಇಡಿ. ಬೆಳ್ಳುಳ್ಳಿ ಪುಡಿ ಬಳಸಿದರೆ ಮೊದಲು ಸ್ವಲ್ಪ ನೀರಿನಲ್ಲಿ ಕಲಸಿಡಿ, ಒಣಗಿದ ಕಿಣ್ವ ಎಚ್ಚರಗೊಳ್ಳುತ್ತದೆ. ಹುಳಿ ಆಮೇಲೆ. ಮನೆಯಲ್ಲಿ ಎಣ್ಣೆಯಲ್ಲಿ ಹಾಕಿದರೆ ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ, ಇಲ್ಲವೇ ಫ್ರೀಜರಿಗೆ ಹಾಕಿ. ಉಪ್ಪಿನಕಾಯಿ ಬಾಟಲಿಯಲ್ಲಿ ಎಸಳು ನೀಲಿ ಹಸಿರಾದರೆ ಹೆದರಬೇಡಿ. ಅದು ಹುಳಿಯ ಕೆಲಸ, ಅಪಾಯವಿಲ್ಲ.

ಅಂಗಡಿ ಬಾಟಲಿಯನ್ನು ನಾವು ಪೂರ್ತಿ ಬಿಟ್ಟಿಲ್ಲ. ಆದರೆ ಭಾನುವಾರ ಪೇಪರ್ ಹಾಸುವುದನ್ನೂ ಬಿಟ್ಟಿಲ್ಲ. ಮಗಳು ಎಸಳು ಬಿಡಿಸುತ್ತಾಳೆ, ಫೋನಿನಲ್ಲಿ ಅಜ್ಜಿ ನೋಡುತ್ತಾರೆ. ಹೋದ ವಾರ ಒಂದು ಎಸಳು ಎತ್ತಿ ತೋರಿಸಿ, "ಅಜ್ಜಿ, ಇದು ಜೊಳ್ಳು" ಅಂದಳು. ಆ ಮಾತು ನಾನು ಹೇಳಿಕೊಟ್ಟದ್ದಲ್ಲ.

ಈ ಭಾನುವಾರ ನಿಮ್ಮ ಮಗುವಿನ ಕೈಗೂ ಒಂದು ಗಡ್ಡೆ ಕೊಡಿ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.